ಒಂದೇ ಎತ್ತರಕ್ಕೆ ಕತ್ತರಿಸಿದ ಕಿತ್ತಳೆ ಗಿಡಗಳು

2022ರಲ್ಲಿ ನಾನು ಬಂಗಾರಪೇಟೆಯಿಂದ ಕೆಜಿಎಫ್‌ಗೆ ಹೋಗುವ ರಸ್ತೆಯ ಪಕ್ಕದ ಒಂದು ದೊಡ್ಡ ಗಾರ್ಡನ್ ಸೆಂಟರಿನಲ್ಲಿ ಸಸ್ಯ ಸಲಹೆಗಾರ್ತಿಯಾಗಿದ್ದೆ. ಅದರ ಹಿಂದಿನ ವರ್ಷವಷ್ಟೇ ತೋಟಗಾರಿಕೆ ಇಲಾಖೆಯ ಕೆಲಸದಿಂದ ನಿವೃತ್ತಳಾಗಿದ್ದೆ. ಮನೆಯಲ್ಲಿ ಸುಮ್ಮನೆ ಕೂರುವ ಜಾತಿ ನಾನಲ್ಲ, ಅವರು ಕರೆದ ತಕ್ಷಣ ಒಪ್ಪಿಕೊಂಡೆ. ಮಂಗಳವಾರ ಮತ್ತು ಶುಕ್ರವಾರ ಉರಿಗಾಂನ ನನ್ನ ಮನೆಯಿಂದ ಬಸ್ಸಿನಲ್ಲಿ ಹೋಗಿ ಬರುತ್ತಿದ್ದೆ. ಅಲ್ಲಿ ನಡೆದ ಒಂದು ಸಂಗತಿ ನೆನೆದರೆ ಇವತ್ತಿಗೂ ಮೈ ಉರಿಯುತ್ತದೆ. ಸಿಟ್ಟಿನಲ್ಲೇ ಬರೆಯುತ್ತಿದ್ದೇನೆ, ಓದುವವರು ಸಹಿಸಿಕೊಳ್ಳಬೇಕು.

ಗಾರ್ಡನ್ ಸೆಂಟರ್ ಎಂದರೆ ನಮ್ಮ ಹಳೆಯ ನರ್ಸರಿಯಲ್ಲ. ದೊಡ್ಡ ಶೆಡ್ಡು, ತಣ್ಣನೆ ನೆರಳು, ಬಿಲ್ಲಿಂಗ್ ಕೌಂಟರು, ತಳ್ಳಿಕೊಂಡು ಓಡಾಡುವ ಗಾಡಿಗಳು. ಗಿಡಗಳು ನೆಲದ ಮೇಲಿರುವುದಿಲ್ಲ, ಚಕ್ರವಿರುವ ಮೂರು ಅಂತಸ್ತಿನ ಕಬ್ಬಿಣದ ರ್‍ಯಾಕುಗಳಲ್ಲಿ ಸೋಪಿನ ಡಬ್ಬಿಗಳ ಹಾಗೆ ಸಾಲಾಗಿ ನಿಂತಿರುತ್ತವೆ. ಪ್ರತಿ ಕುಂಡಕ್ಕೂ ಹೊಳೆಯುವ ಲೇಬಲ್ಲು. ಆ ವರ್ಷ ಅವರ ದೊಡ್ಡ ಪ್ರಚಾರ "ಚಳಿ ತಡೆಯುವ ಗಿಡಗಳು" ಎಂಬುದಾಗಿತ್ತು. ಬೀಸಣಿಗೆಯಂಥ ಎಲೆಯ ಪಾಮ್ ಗಿಡಗಳು ಒಂದು ಕಡೆ, ಕಿತ್ತಳೆ ಇನ್ನೊಂದು ಕಡೆ. ಲೇಬಲ್ಲಿನ ಮೇಲೆ "ಮೈನಸ್ ಆರು ಡಿಗ್ರಿಯಲ್ಲೂ ಬದುಕುತ್ತದೆ" ಎಂದು ಅಚ್ಚು ಹಾಕಿಸಿದ್ದರು. ಕೆಜಿಎಫ್‌ನಲ್ಲಿ ಡಿಸೆಂಬರ್ ಚಳಿಗೆ ನಾವು ಮಫ್ಲರ್ ಸುತ್ತಿಕೊಳ್ಳುವುದು ನಿಜ. ಆದರೆ ಸೋಡಾ ಅಂಗಡಿಯ ಆಚೆ ಐಸು ಕಂಡವರು ಯಾರಿದ್ದಾರೆ? ಮ್ಯಾನೇಜರ್ ಸುಧೀರನನ್ನು ಕೇಳಿದೆ. "ಹೊರದೇಶದ ಕ್ಯಾಟಲಾಗ್‌ನಲ್ಲಿ ಹಾಗೇ ಇದೆ ಮೇಡಂ, ಜನ ಇಷ್ಟಪಡ್ತಾರೆ" ಎಂದ. ನಾನು ನಕ್ಕು ಸುಮ್ಮನಾದೆ. ಆಗಲೇ ಜಗಳ ಆಡಬೇಕಿತ್ತು.

ಚಳಿ ತಡೆಯುವ ಶಕ್ತಿ ಇಂಥ ಕಿತ್ತಳೆಗೆ ಬಹುಪಾಲು ಬೇರಿನಿಂದ ಬರುತ್ತದೆ. ಮೂರೆಲೆ ಕಿತ್ತಳೆ ಎಂಬ ಒಂದು ಕಾಡು ಜಾತಿಯಿದೆ. ಮೈತುಂಬ ಮುಳ್ಳು, ಒಂದು ತೊಟ್ಟಿಗೆ ಮೂರು ಎಲೆ, ಹಣ್ಣು ಬಾಯಿಗಿಡಲಾಗದಷ್ಟು ಕಹಿ. ಅದರ ಸಸಿಯನ್ನು ಬೆಳೆಸಿ, ಮಣ್ಣಿನಿಂದ ಒಂದು ಗೇಣು ಮೇಲೆ ತೊಗಟೆ ಸೀಳಿ, ಒಳ್ಳೆಯ ಕಿತ್ತಳೆಯ ಒಂದು ಮೊಗ್ಗನ್ನು ಒಳಗೆ ಕೂರಿಸಿ ಪಟ್ಟಿ ಸುತ್ತುತ್ತಾರೆ. ಇದಕ್ಕೆ ಕಣ್ಣು ಕಸಿ ಎನ್ನುತ್ತೇವೆ. ಕಸಿಯ ಗಂಟಿನ ಮೇಲೆ ಬೆಳೆಯುವುದು ಸಿಹಿ ಕಿತ್ತಳೆ, ಕೆಳಗೆ ಉಳಿಯುವುದು ಮುಳ್ಳಿನ ಕಾಡುಗಿಡ. ಇಷ್ಟು ಗೊತ್ತಿದ್ದರೆ ಮುಂದಿನದು ಅರ್ಥವಾಗುತ್ತದೆ.

ಕಸಿ ಕೆಲಸಕ್ಕೆ ನಾನು ತೋರಿಸಿದ್ದು ನಾರಾಯಣಮ್ಮನನ್ನು. ಬಂಗಾರಪೇಟೆಯ ಹತ್ತಿರದ ಹಳ್ಳಿಯವಳು. ನಾನು ಕೆಲಸಕ್ಕೆ ಸೇರಿದ ಹೊಸದರಲ್ಲಿ ಇಲಾಖೆಯ ಮಾವಿನ ಕಸಿಗೆ ಕೂಲಿಯಾಗಿ ಬಂದವಳು, ಕೆಲವೇ ವರ್ಷಗಳಲ್ಲಿ ಬೇರೆಯವರಿಗೆ ಕಲಿಸುವಷ್ಟಾದಳು. ಅವಳು ಕಟ್ಟಿದ ನೂರು ಗಿಡದಲ್ಲಿ ಸೋಲುತ್ತಿದ್ದದ್ದು ನಾಲ್ಕೋ ಐದೋ. ಸುತ್ತಲಿನ ತೋಟದವರು ಅವಳ ಹೆಸರು ಹೇಳಿಯೇ ಗಿಡ ಕೇಳುತ್ತಿದ್ದರು. ಆ ವರ್ಷ ಮನೆಯ ಹಿತ್ತಲಿನಲ್ಲಿ ಮುನ್ನೂರು ಕಿತ್ತಳೆ ಕಸಿ ಮಾಡಿ ಆಗಸ್ಟಿನಲ್ಲಿ ಅಂಗಡಿಗೆ ಕಳುಹಿಸಿದಳು. ಮುಂದಿನ ಸರದಿಗೆಂದು ಇನ್ನೂ ನಾನೂರು ಮೂರೆಲೆ ಸಸಿ ಬೆಳೆಸುತ್ತಿದ್ದಳು.

ಮರುವರ್ಷ ಜನವರಿಯ ಒಂದು ಶುಕ್ರವಾರ ಕೆಜಿಎಫ್‌ನ ಚಾಂಪಿಯನ್ ರೀಫ್ಸ್‌ನ ಮುನಿಸ್ವಾಮಿ ಎಂಬವರು ನನ್ನ ಮೇಜಿನ ಮುಂದೆ ಬಂದು ನಿಂತರು. ಗಣಿಯಲ್ಲಿ ದುಡಿದವರು, ತಮಿಳು ಬೆರೆತ ಗಟ್ಟಿ ದನಿ. ಕೈಯಲ್ಲಿ ಒಂದು ರೆಂಬೆ.

"ಮೇಡಂ, ನೀವು ಆರೆಂಜ್ ಚೆಡಿ ಅಂತ ಕೊಟ್ರಿ. ಇದು ಬಿಲ್ವಪತ್ರೆ ಬಿಡ್ತಾ ಇದೆ! ನಮ್ಮನೆಯವಳು ಸೋಮವಾರ ಸೋಮವಾರ ಕಿತ್ತು ಶಿವನಿಗೆ ಏರಿಸ್ತಾ ಇದಾಳೆ. ಪೂಜೆಗೇನೋ ಆಯ್ತು, ಹಣ್ಣು ಯಾವಾಗ?"

ಒಂದು ತೊಟ್ಟಿಗೆ ಮೂರೆಲೆ, ಬೆರಳುದ್ದ ಮುಳ್ಳು. ನೋಡಿದ ತಕ್ಷಣ ಗೊತ್ತಾಯಿತು. ಆ ಶಿವಭಕ್ತೆ ಇಷ್ಟು ವಾರ ಪೂಜಿಸುತ್ತಿದ್ದದ್ದು ಬಿಲ್ವವೂ ಅಲ್ಲ, ಕಿತ್ತಳೆಯೂ ಅಲ್ಲ, ಬರೀ ಬೇರಿನ ಗಿಡ. ಮುನಿಸ್ವಾಮಿಯವರನ್ನು ಕೂರಿಸಿ ಶೆಡ್ಡಿನೊಳಗೆ ಹೋದೆ. ಮಾರಾಟವಾಗದೆ ಉಳಿದಿದ್ದ ನಲವತ್ತು ಕಿತ್ತಳೆಯೂ ಮೂರೆಲೆಯ ಪೊದೆಗಳು. ವಾರಕ್ಕೆ ಎರಡು ದಿನ ಅದೇ ಶೆಡ್ಡಿಗೆ ಬಂದು ಹೋಗುವ ನಾನು ಅವನ್ನು ಒಂದು ಸಲವೂ ಬಗ್ಗಿ ನೋಡಿರಲಿಲ್ಲ. ಮೇಜಿನ ಹಿಂದೆ ಕೂತು ಸಲಹೆ ಕೊಡುತ್ತಿದ್ದೆ.

ಸುಧೀರನಿಗೆ ಆಶ್ಚರ್ಯವೇ ಆಗಲಿಲ್ಲ. ಮೇಜಿನ ಖಾನೆಯಿಂದ ಒಂದು ಕಾಗದ ತೆಗೆದ. "ಇನ್ನೂ ಕೆಲವರು ದೂರು ಕೊಟ್ಟಿದ್ದಾರೆ ಮೇಡಂ. ಆಯಮ್ಮ ಕಸಿ ಮಾಡದ ಗಿಡ ಕೊಟ್ಟಿದ್ದಾಳೆ. ಈ ಪತ್ರಕ್ಕೆ ಸಹಿ ಹಾಕಿಸಿ ಬೋರ್ಡಿಗೆ ಅಂಟಿಸಿದರೆ ಗಿರಾಕಿಗಳು ಸಮಾಧಾನ ಆಗ್ತಾರೆ" ಎಂದ. ಕಸಿ ಮಾಡದ ಗಿಡಗಳನ್ನು ಕಸಿ ಗಿಡಗಳೆಂದು ಕೊಟ್ಟು ಮೋಸ ಮಾಡಿದೆ ಎಂದು ಒಪ್ಪಿಕೊಳ್ಳುವ ಪತ್ರ ಅದು, ಕೆಳಗೆ ನಾರಾಯಣಮ್ಮನ ಹೆಸರು. ಸುತ್ತ ಹತ್ತು ಹಳ್ಳಿಯವರು ಬಂದು ಹೋಗುವ ಅಂಗಡಿಯ ಬಾಗಿಲಲ್ಲಿ ಅದು ನೇತಾಡಿದರೆ, ಮತ್ತೆ ಯಾರೂ ಅವಳ ಕೈಯ ಗಿಡ ಮುಟ್ಟುತ್ತಿರಲಿಲ್ಲ. ಅದು ನನಗೆ ಹೊಳೆಯಬೇಕಿತ್ತು. ಆದರೆ ನನಗೆ ಪಿತ್ತ ನೆತ್ತಿಗೇರಿತ್ತು. ಅವಳನ್ನು ತೋರಿಸಿಕೊಟ್ಟವಳು ನಾನು, ಮಾನ ಹೋದದ್ದು ನನ್ನದು ಎಂದುಕೊಂಡೆ.

ಅವತ್ತೇ ಮಧ್ಯಾಹ್ನ ಆಟೋ ಹಿಡಿದು ಅವಳ ಮನೆಗೆ ಹೋದೆ. ಜಗಲಿಯ ಮೇಲೆ ಕೂತು ಹುಣಸೆಹಣ್ಣು ಬಿಡಿಸುತ್ತಿದ್ದಳು. ನೀರು ಕೊಡಲು ಎದ್ದವಳನ್ನು ಅಲ್ಲೇ ತಡೆದು ಬೈದೆ. ಬಾಯಿಗೆ ಬಂದದ್ದೆಲ್ಲ ಅಂದೆ. ಇಷ್ಟು ವರ್ಷ ನಂಬಿದ್ದಕ್ಕೆ ಒಳ್ಳೆಯ ಉಡುಗೊರೆ ಕೊಟ್ಟೆ ಎಂದೆ. ತಪ್ಪೊಪ್ಪಿಗೆಯ ಪತ್ರಕ್ಕೆ ಸಹಿ ಹಾಕಬೇಕು ಎಂದು ಹೇಳಿ, ಮುನಿಸ್ವಾಮಿಯವರ ರೆಂಬೆಯನ್ನು ಅವಳ ಮುಂದೆ ಎಸೆದೆ.

ಅವಳು ಬಗ್ಗಿ ಅದನ್ನು ಎತ್ತಿಕೊಂಡಳು. ರೆಂಬೆಯನ್ನು ತಿರುಗಿಸಿ ತಿರುಗಿಸಿ ನೋಡಿದಳು. ಆಮೇಲೆ ತನ್ನ ಕೈಗಳನ್ನು ನೋಡಿಕೊಂಡಳು.

"ಮೋಸ ಮಾಡಿಲ್ಲ ಅಮ್ಮಾ. ಒಂದೊಂದ್ಕೂ ಕಣ್ಣು ಕೂರ್ಸಿ ಕಟ್ಟಿದ್ದೆ. ಚಿಗುರಿದ್ದು ನೋಡೇ ಕಳ್ಸಿದ್ದೆ ಅಂತ ಗ್ಯಾನ." ರೆಂಬೆಯನ್ನು ಪಕ್ಕಕ್ಕಿಟ್ಟು ಹೇಳಿದಳು, "ಈಚೀಚೆಗೆ ನಂಗೆ ಮಂಜು ಮಂಜಾಗಿ ಕಾಣ್ತೈತೆ. ಯಾವ ಚಿಗುರು ಅಂತ ತಿಳೀದೆ ಓಗಿರ್ಬೇಕು. ಕೈಯೂ ಸೋತದೇನೋ. ಎಲ್ಲಿ ಸೈನ್ ಆಕ್ಬೇಕು ಏಳಿ, ಆಕ್ತೀನಿ."

ಮಂಗಳವಾರ ಬಂದು ಹಾಕಿಸಿಕೊಳ್ಳುತ್ತೇನೆ ಎಂದು ಎದ್ದೆ. ಹಿತ್ತಲಿಗೆ ಹೋಗಿ ನೋಡಬೇಕು ಎಂದು ನನಗೆ ಅನಿಸಲಿಲ್ಲ. ಜಗಲಿಯಿಂದ ಹಿತ್ತಲಿಗೆ ಇಪ್ಪತ್ತು ಹೆಜ್ಜೆ.

ಮಂಗಳವಾರ ಬೆಳಿಗ್ಗೆ ಅಂಗಡಿಯಲ್ಲಿ ಒಬ್ಬ ಗಿರಾಕಿ ಹೊಸ ಮನೆಗೆ ಎರಡು ಪಾಮ್ ಆರಿಸಿಕೊಡಿ ಎಂದು ಕೇಳಿದರು. ರ್‍ಯಾಕಿನ ಹತ್ತಿರ ಕರೆದುಕೊಂಡು ಹೋದೆ. ಅವರೇ ಕೇಳಿದರು, "ಏನ್ ಮೇಡಂ, ಈ ಗಿಡಗಳಿಗೆ ಕಟಿಂಗ್ ಶಾಪಲ್ಲಿ ಕ್ರಾಪ್ ಹೊಡ್ಸಿದ್ದೀರಾ?" ನೋಡಿದೆ. ಬೀಸಣಿಗೆಯಂಥ ಎಲೆಗಳ ತುದಿಗಳೆಲ್ಲ ಸ್ಕೇಲು ಇಟ್ಟು ಕತ್ತರಿಸಿದಂತೆ ನೇರ. ಪಾಮ್ ಎಲೆಯ ಗುಣವೇ ಹಾಗೆ. ಒಮ್ಮೆ ಕತ್ತರಿ ಬಿದ್ದರೆ ಆ ಗಾಯ ಮುಚ್ಚುವುದಿಲ್ಲ, ಎಲೆ ಒಣಗಿ ಬೀಳುವ ತನಕ ಹಾಗೇ ತೋರಿಸುತ್ತಿರುತ್ತದೆ. ಇಂಚುಪಟ್ಟಿ ತರಿಸಿ ಅಳೆದೆ. ಹಳೆಯ ಎಲೆಗಳು ಮಣ್ಣಿನಿಂದ ಸರಿಯಾಗಿ ಎಂಟು ಇಂಚಿಗೆ ತುಂಡಾಗಿದ್ದವು. ಪಕ್ಕದ್ದು ಎಂಟು. ಅದರ ಪಕ್ಕದ್ದೂ ಎಂಟು.

ಗಿರಾಕಿಯನ್ನು ಅಲ್ಲೇ ಬಿಟ್ಟು ಕಿತ್ತಳೆಯ ಹತ್ತಿರ ಓಡಿದೆ. ಮುಳ್ಳು ಚುಚ್ಚಿಸಿಕೊಂಡು ಪೊದೆಯನ್ನು ಬಿಡಿಸಿ ನೋಡಿದರೆ ನಡುವೆ ಒಣಗಿದ ಮೋಟು. ಮಣ್ಣಿನಿಂದ ಎಂಟು ಇಂಚು. ನಲವತ್ತಕ್ಕೆ ನಲವತ್ತೂ ಹಾಗೇ. ಕಸಿಯ ಗಂಟು ಇರುವುದು ಒಂದು ಗೇಣಿನಲ್ಲಿ, ಅಂದರೆ ಒಂಬತ್ತು ಇಂಚು. ಅದರ ಒಂದೇ ಒಂದು ಇಂಚು ಕೆಳಗೆ ಯಾರೋ ಕತ್ತರಿ ಆಡಿಸಿ, ನಾರಾಯಣಮ್ಮ ಕೂರಿಸಿದ್ದ ಕಿತ್ತಳೆಯನ್ನೆಲ್ಲ ಕಸಕ್ಕೆ ಎಸೆದಿದ್ದರು. ಕಿತ್ತಳೆ ಗಿಡ ಆ ಮೋಟಿನ ಸುತ್ತ ಕಾಡುಚಿಗುರು ಹೊಡೆದು ಗಾಯ ಮುಚ್ಚಿಕೊಂಡಿತ್ತು. ಪಾಮ್ ಬಂದದ್ದು ಆಂಧ್ರದ ನರ್ಸರಿಯಿಂದ, ಕಿತ್ತಳೆ ಬಂದದ್ದು ಬಂಗಾರಪೇಟೆಯ ಹಿತ್ತಲಿನಿಂದ. ಇವೆರಡೂ ಸೇರಿದ ಜಾಗ ಆ ಶೆಡ್ಡು ಒಂದೇ. ರ್‍ಯಾಕಿನ ಎರಡು ಅಂತಸ್ತಿನ ನಡುವಿನ ಅಂತರ ಅಳೆದೆ, ಹದಿನೆಂಟು ಇಂಚು. ಕುಂಡದ ಎತ್ತರ ಹತ್ತು. ಉಳಿಯುವುದು ಎಂಟು.

ಗಿಡಕ್ಕೆ ತಕ್ಕಂತೆ ರ್‍ಯಾಕು ಮಾಡಿಸುವ ಬದಲು ರ್‍ಯಾಕಿಗೆ ತಕ್ಕಂತೆ ಗಿಡ ಕತ್ತರಿಸಿದ್ದರು! ಸುಧೀರನ ಕೋಣೆಗೆ ನುಗ್ಗಿದೆ. ಅಂಗಡಿಯವರೆಲ್ಲ ಕೇಳುವಂತೆ ಕೂಗಾಡಿದೆ. ಅವನು ನಾನು ಮುಗಿಸುವ ತನಕ ಕಾದು, ಒಂದು ಫೈಲು ತೆರೆದು ನನ್ನ ಕಡೆ ತಿರುಗಿಸಿದ.

"ನಿಮ್ಮದೇ ಸೂಚನೆ ಮೇಡಂ."

ಜೂನ್ ತಿಂಗಳಲ್ಲಿ ನಾನು ಕೊಟ್ಟ ಟಿಪ್ಪಣಿ ಅದು. "ಪ್ರದರ್ಶನಕ್ಕೆ ಇಡುವ ಎಲ್ಲ ಗಿಡಗಳನ್ನೂ ರ್‍ಯಾಕಿನ ಎತ್ತರಕ್ಕೆ ಹೊಂದುವಂತೆ ಸಮನಾಗಿ ಕತ್ತರಿಸತಕ್ಕದ್ದು." ಕೆಳಗೆ ನನ್ನ ರುಜು. ಬರೆಯುವಾಗ ನನ್ನ ಮನಸ್ಸಿನಲ್ಲಿ ಇದ್ದದ್ದು ಬೇಲಿಗೆ ಹಾಕುವ ಗಿಡಗಳು. ಅವನ್ನು ಎಷ್ಟು ಕತ್ತರಿಸಿದರೂ ಚೆನ್ನಾಗಿಯೇ ಚಿಗುರುತ್ತವೆ. ಆದರೆ "ಎಲ್ಲ ಗಿಡಗಳನ್ನೂ" ಎಂದು ಬರೆದಿದ್ದೆ. ಸರ್ಕಾರಿ ಸುತ್ತೋಲೆ ಬರೆದು ಬರೆದು ಅಭ್ಯಾಸವಾದ ಕೈ, ಎಲ್ಲರಿಗೂ ಒಂದೇ ನಿಯಮ ಮಾಡಿ ರುಜು ಹಾಕಿ ಎದ್ದುಬಿಟ್ಟಿತ್ತು. ಕತ್ತರಿ ಹಿಡಿದ ಕೆಲಸದವರು ಅಕ್ಷರ ಬಿಡದೆ ಪಾಲಿಸಿದ್ದರು.

"ನಿಮಗೆ ಇದು ಮೊದಲೇ ಗೊತ್ತಿತ್ತಾ?" ಎಂದೆ.

"ಡಿಸೆಂಬರ್‌ನಲ್ಲೇ ಗೊತ್ತಾಯ್ತು. ನಿಮ್ಮ ಹೆಸರು ಹೊರಗೆ ಬರೋದು ಬೇಡ ಅಂತಾನೇ ಆಯಮ್ಮನ ಪತ್ರ ರೆಡಿ ಮಾಡಿಸಿದ್ದು. ನಿಮ್ಮ ಒಳ್ಳೆಯದಕ್ಕೇ ಮೇಡಂ."

ನನ್ನ ಸೇವೆಯಲ್ಲಿ ಬೇಕಾದಷ್ಟು ಬೈಗುಳ ತಿಂದಿದ್ದೇನೆ. ಆದರೆ ಆ ಉಪಕಾರದ ಮಾತಿನಷ್ಟು ಯಾವ ಬೈಗುಳವೂ ನನ್ನನ್ನು ಸುಟ್ಟಿರಲಿಲ್ಲ. ಇಡೀ ಅಂಗಡಿಯಲ್ಲಿ ಯಾರ ತಲೆಗೆ ಕಟ್ಟಿದರೆ ಯಾರೂ ಕೇಳುವುದಿಲ್ಲ ಎಂದು ಇವನು ಲೆಕ್ಕ ಹಾಕಿದ್ದ. ಆ ಲೆಕ್ಕ ಸರಿ ಎಂದು ಶುಕ್ರವಾರ ಆಟೋ ಹಿಡಿದು ಹೋಗಿ ತೋರಿಸಿಕೊಟ್ಟವಳು ನಾನೇ. ಮೇಜಿನ ಮೇಲಿದ್ದ ಆ ಪತ್ರದಲ್ಲಿ ನಾರಾಯಣಮ್ಮನ ಹೆಸರು ಹೊಡೆದುಹಾಕಿದೆ. ಮೋಸ ಎಂಬ ಸಾಲನ್ನೂ ಹೊಡೆದು, ತಪ್ಪು ಸೂಚನೆ ಕೊಟ್ಟು ಕಸಿ ಗಿಡಗಳನ್ನು ಹಾಳು ಮಾಡಿಸಿದವಳು ನಾನು ಎಂದು ಬರೆದು ರುಜು ಹಾಕಿದೆ. ಸುಧೀರ ಬೇಡ ಬೇಡ ಎನ್ನುತ್ತಿದ್ದಂತೆಯೇ ಅದನ್ನು ನಕಲು ಮಾಡಿಸಿ ಬೋರ್ಡಿಗೆ ನಾನೇ ಅಂಟಿಸಿದೆ. ಮುನಿಸ್ವಾಮಿಯವರಿಗೆ ಫೋನು ಮಾಡಿ ನಡೆದದ್ದು ಹೇಳಿದೆ. ಆ ಕೆಲಸಕ್ಕೆ ಮತ್ತೆ ಹೋಗಲಿಲ್ಲ.

ಮೂಲ ಪತ್ರ ಹಿಡಿದು ನಾರಾಯಣಮ್ಮನ ಮನೆಗೆ ಹೋದೆ. ಅವಳಿಗೆ ಓದಲು ಬರುತ್ತದೆ, ನಿಧಾನವಾಗಿ. ದೂರ ಹಿಡಿದು ಒಂದೊಂದೇ ಅಕ್ಷರ ಕೂಡಿಸಿ ಓದಿದಳು.

"ಇಲ್ಲಿ ನಿಮ್ ಎಸ್ರು ಐತಲ್ಲಮ್ಮ."

"ತಪ್ಪು ನನ್ನದೇ ನಾರಾಯಣಮ್ಮ. ನಿನ್ನ ಕೈ ಚೆನ್ನಾಗಿದೆ. ಕಣ್ಣೂ ಚೆನ್ನಾಗಿದೆ."

ಅವಳು ಎದ್ದು ಹಿತ್ತಲಿಗೆ ನಡೆದಳು. ಹಿಂದೆ ನಾನೂ ಹೋದೆ. ಒಂದು ಮೂಲೆಯಲ್ಲಿ, ಅಂಗಡಿಗೆ ಕಳುಹಿಸಿ ಉಳಿದಿದ್ದ ಹತ್ತು ಹನ್ನೆರಡು ಕಸಿ ಗಿಡಗಳು ಸೊಂಪಾಗಿ ನಿಂತಿದ್ದವು. ಅದೇ ಕೈ, ಅದೇ ದಿನದ ಕಸಿ. ಎಲ್ಲವೂ ಒಂಟಿ ಎಲೆಯ ಒಳ್ಳೆಯ ಕಿತ್ತಳೆ. ಪಕ್ಕದ ಮಡಿಗಳು ಖಾಲಿಯಾಗಿದ್ದವು, ಮಣ್ಣು ಕೆದರಿತ್ತು. ಬೇಲಿಯ ಹತ್ತಿರ ನಾನೂರು ಸಸಿಗಳು ಬೇರು ಮೇಲಾಗಿ ಒಣಗಿ ಬಿದ್ದಿದ್ದವು.

"ನೀವು ಓದ ಮಾರ್ನೇ ದಿನ ಕಿತ್ತಾಕ್ಬಿಟ್ಟೆ" ಎಂದಳು. "ಕೈ ಸೋತ ಮೇಲೆ ಇವೆಲ್ಲ ಯಾಕೆ ಅಂತ. ಚಾಕೂನ ನಮ್ ತಂಗಿ ಮನೇಗೆ ಕೊಟ್ಟೆ."

ಕ್ಷಮಿಸು ಎನ್ನಲು ಬಾಯಿ ತೆರೆದೆ. ಅವಳು ಕೈ ಅಡ್ಡ ಹಿಡಿದಳು.

"ನೀವು ಬೈದಿದ್ದು ಬೇಜಾರಿಲ್ಲಮ್ಮ, ನಿಮ್ ಬಾಯಿ ನಂಗೊತ್ತಿಲ್ವಾ? ಗಿಡ ಎಂಗೈತೆ ಅಂತ ಎಲ್ಲಾರ್ಗೂ ನೋಡಕ್ಕೆ ಏಳ್ಕೊಡೋರು ನೀವು. ಅವತ್ತು ಇಲ್ಲಿಗಂಟ ಬಂದು ಇವುನ್ನ ಒಂದ್ ಸಲ ನೋಡ್ಬೋದಿತ್ತಲ್ಲ?"

ಮೂವತ್ತು ವರ್ಷ ಸಂಬಳ ತೆಗೆದುಕೊಂಡದ್ದು ಗಿಡ ನೋಡಿ ರೋಗ ಹೇಳುವುದಕ್ಕೆ. ಆದರೆ ನಾನು ಆವತ್ತು ಗಿಡ ನೋಡುವ ಮೊದಲು ಮನುಷ್ಯರನ್ನು ನೋಡಿದೆ, ಅದರಲ್ಲೂ ಯಾರು ತಿರುಗಿ ಬೈಯುವುದಿಲ್ಲವೋ ಅವರನ್ನು. ಆ ಕೆಲಸ ನನಗೆ ಕಲಿಸಿದ ಪಾಠ ಇದೊಂದೇ, ಕಲಿತದ್ದು ತಡವಾಗಿ. ಗಿಡ ಕೆಟ್ಟರೆ ಮೊದಲು ಗಿಡವನ್ನು ನೋಡಬೇಕು. ಆಮೇಲೆ ನಾವು ರುಜು ಹಾಕಿದ ಕಾಗದ ನೋಡಬೇಕು. ಕೂಲಿಯವರ ಕೈ ನೋಡುವುದು ಎಲ್ಲ ಮುಗಿದ ಮೇಲೆ.

ತಂಗಿಯ ಮನೆಯಿಂದ ಚಾಕು ವಾಪಸ್ ಬಂತು. ಹೊಸ ಬೀಜ ಹಾಕಿ ಸಸಿ ಏಳಲು ಒಂದು ವರ್ಷಕ್ಕೂ ಹೆಚ್ಚು ಹಿಡಿಯಿತು, ಆ ವರ್ಷ ಅವಳಿಗೆ ಯಾರೂ ತಿರುಗಿ ಕೊಡಲಿಲ್ಲ. ಈಗ ಅವಳ ಹಿತ್ತಲಿನಿಂದ ಹೊರಡುವ ಪ್ರತಿ ಗಿಡದ ಕಸಿ ಗಂಟಿಗೆ ಬಿಳಿ ಸುಣ್ಣದ ಪಟ್ಟೆ ಇರುತ್ತದೆ, ಅದರ ಕೆಳಗೆ ಕತ್ತರಿ ಆಡಿಸಬಾರದು ಎಂಬ ಗುರುತು. ಅಂಥ ಒಂದು ಗಿಡ ಉರಿಗಾಂನ ನನ್ನ ಮನೆಯ ಮುಂದೆಯೂ ಇದೆ. ಹೋದ ಡಿಸೆಂಬರಿನಲ್ಲಿ ಮೊದಲ ಸಲ ಏಳು ಹಣ್ಣು ಬಿಟ್ಟಿತ್ತು, ಸಿಹಿ ಹಣ್ಣು. ಸುಲಿಯುವಾಗ ಸಿಟ್ಟು ಬರುತ್ತದೆ. ಮೊದಲು ಸುಧೀರನ ಮೇಲೆ ಬರುತ್ತದೆ, ಆದರೆ ಹಣ್ಣು ಮುಗಿಯುವ ತನಕ ಅವನ ಮೇಲೆ ನಿಲ್ಲುವುದಿಲ್ಲ.