ರಾಣಿ ಹಚ್ಚದ ತುಪ್ಪ

ಪಾಪಮ್ಮನಿಗೆ ಐವತ್ತೊಂಬತ್ತು ಎಂದರೆ ಹೋಂಸ್ಟೇಗೆ ಬಂದವರು ಯಾರೂ ನಂಬುವುದಿಲ್ಲ. ಮೂವತ್ತು ವರ್ಷ ಕಾಫಿ ಹಣ್ಣು ಕೊಯ್ದ ಕೈ, ಆದರೂ ಬೆರಳು ನುಣುಪು. ಕೆನ್ನೆಯಲ್ಲಿ ಇನ್ನೂ ಹೊಳಪು. ಏನು ಹಚ್ಚುತ್ತೀರಿ ಎಂದು ಕೇಳದೆ ಹೋದವರಿಲ್ಲ.

ಅವಳು ಹಚ್ಚುತ್ತಿದ್ದದ್ದು ಉಪ್ಪಾಗೆ ತುಪ್ಪ. ಮಳೆಗಾಲದಲ್ಲಿ ಕಾಡಿನ ಉಪ್ಪಾಗೆ ಮರದಿಂದ ಹಳದಿ ಹಣ್ಣು ಉದುರುತ್ತದೆ. ಸಿಪ್ಪೆ ಸಾರಿಗಾದರೆ ಬೀಜ ತುಪ್ಪಕ್ಕೆ. ಆ ತಿಂಗಳಲ್ಲಿ ಬಿಸಿಲೆಲ್ಲಿ ಬರಬೇಕು? ಒಲೆಯ ಮೇಲಿನ ಅಟ್ಟದಲ್ಲಿ ಹೊಗೆಗೇ ಒಣಗಿಸಬೇಕು. ಆಮೇಲೆ ಕುಟ್ಟಿ, ನೀರಿನಲ್ಲಿ ಕುದಿಸಿ, ತೇಲಿಬಂದ ಜಿಡ್ಡನ್ನು ಸೌಟಿನಿಂದ ತೆಗೆದು ತೆಂಗಿನ ಕರಟಕ್ಕೆ ಹುಯ್ದಿಟ್ಟರೆ ಆರಿ ಗಟ್ಟಿಯಾಗುತ್ತದೆ. ಎಷ್ಟು ಸೋಸಿದರೂ ಸ್ವಲ್ಪ ಹೊಗೆ ವಾಸನೆ ಉಳಿದೇ ಉಳಿಯುತ್ತದೆ.

ಕಲಿಸಿದವಳು ಅಜ್ಜಿ ಮರಿಯಮ್ಮ. ಎಸ್ಟೇಟಿನ ಕೂಲಿಯಾಳುಗಳ ಸಾಲುಮನೆಗಳಲ್ಲಿ, ಅಂದರೆ ಲೈನ್ ಮನೆಗಳಲ್ಲಿ, ಕೊಯ್ಲಿನ ಚಳಿಗೆ ಹೆಂಗಸರ ಹಿಮ್ಮಡಿ ಒಡೆದು ರಕ್ತ ಬರುತ್ತಿತ್ತು. ಸಂಜೆ ಜಗಲಿಯಲ್ಲಿ ಕಾಲು ಚಾಚಿ ಕೂತವರಿಗೆಲ್ಲ ಅಜ್ಜಿ ಕರಟ ಹಿಡಿದು ತುಪ್ಪ ಸವರುತ್ತ ಹೋಗುತ್ತಿದ್ದಳು. "ಮರಿಯಮ್ಮಾ, ಇನ್ನು ನಾವೂ ಸಾಹುಕಾರ್ತಿಯರೇ ಬಿಡು" ಎಂದು ಅವರು ನಗುತ್ತಿದ್ದರು. ಪಾಪಮ್ಮ ಹುಟ್ಟಿದಾಗ ಅವಳ ಮೈ ನೀವಿದ್ದೂ ಅದರಲ್ಲೇ. ಅಜ್ಜಿಯದೊಂದು ಫೋಟೋ ಇಲ್ಲ, ಒಂದು ಗುಂಟೆ ಜಾಗವಿಲ್ಲ. ಉಳಿದದ್ದು ಈ ತುಪ್ಪ ಮಾಡುವ ಬಗೆ ಒಂದೇ.

ಮಂಡಿ ಕೈಕೊಟ್ಟ ಮೇಲೆ ಪಾಪಮ್ಮ ತೋಟ ಬಿಟ್ಟು, ಕೊಟ್ಟಿಗೆಹಾರದ ಹತ್ತಿರ ತೋಟದ ಯಜಮಾನಿ ಮೇಘಶ್ರೀ ನಡೆಸುವ ಹೋಂಸ್ಟೇಯ ಅಡುಗೆಮನೆಗೆ ಬಂದಳು. ಅವಳ ಕೆನ್ನೆ ನೋಡಿಯೇ ಮೇಘಶ್ರೀಗೆ 'ಮಹಾರಾಣಿ ಆರೈಕೆ' ಹೊಳೆದದ್ದು. ತಾಮ್ರದ ಬಟ್ಟಲು, ರೇಷ್ಮೆ ವಸ್ತ್ರ, ಕಸ್ತೂರಿ ಅರಿಶಿನ, ಜೇನು, ಗುಲಾಬಿ ಎಸಳು, ಒಂದು ಗಂಟೆ ಮುಖದ ನೀವಿಕೆ. ಮನೆಗೆ ಒಯ್ಯುವವರಿಗೆ ಗಾಜಿನ ಭರಣಿ, ಅದರ ಮೇಲೆ ಚಿನ್ನದ ಬಣ್ಣದ ಕಿರೀಟ. 'ಅರಮನೆಯ ರಾಣಿಯರ ಯೌವನದ ಗುಟ್ಟು' ಎಂಬ ಬರಹ. ಜೊತೆಗೆ ಪಾಪಮ್ಮ ಹೇಳಬೇಕಾದ ಒಂದು ಮಾತು: ನಮ್ಮಜ್ಜಿ ಇದನ್ನು ರಾಣಿಯವರಿಗೆ ಹಚ್ಚುತ್ತಿದ್ದರು.

"ಯಾವ ಅರಮನೆ ಅಮ್ಮಾ?"

"ಯಾವ್ದೋ ಒಂದು. ಯಾರೂ ಕೇಳಲ್ಲ ಪಾಪಮ್ಮ."

"ನಮ್ಮಜ್ಜಿ ಮೂಡಿಗೆರೆ ಬಸ್ ಸ್ಟ್ಯಾಂಡ್ ದಾಟಿದವಳಲ್ಲ ಮಾರಾಯ್ರೆ."

"ಈಗ ದಾಟ್ಸಿದ್ರಾಯ್ತು ಬಿಡಿ" ಎಂದು ಮೇಘಶ್ರೀ ನಕ್ಕಳು. ಕೆಟ್ಟವಳಲ್ಲ. ಮಂಡಿಗೆ ಬೆಲ್ಟ್ ತಂದುಕೊಟ್ಟವಳೂ ಅವಳೇ. ಹೇಳುವುದಿಲ್ಲ ಎಂದರೆ ಈ ಕೆಲಸ ನಿಲ್ಲಬಹುದು, ತೋಟದ ಇಳಿಜಾರು ಮತ್ತೆ ಹತ್ತಲಾಗದು. ಪಾಪಮ್ಮ ಹೇಳಿದಳು. ನಾಲ್ಕು ಸಲ ಹೇಳಿದಳು. ಪ್ರತಿ ಸಲವೂ ಅಜ್ಜಿಯ ಕೈಯಿಂದ ಕರಟ ಕಿತ್ತುಕೊಂಡು ಹೆಸರಿಲ್ಲದ ಯಾರಿಗೋ ಕೊಟ್ಟಂತಾಗುತ್ತಿತ್ತು.

ಈ ಆರೈಕೆಗೆ ಬಂದ ಐದನೆಯವಳು ಸೌಜನ್ಯ. ಬೆಂಗಳೂರಿನವಳು, ಕಂಕುಳಲ್ಲಿ ಏಳು ತಿಂಗಳ ಗಂಡುಮಗು. ಮಗುವನ್ನು ಗಂಡನ ಕೈಗೆ ಕೊಟ್ಟು ಮಂಚದ ತುದಿಯಲ್ಲಿ ಕೂತವಳು ಬೆನ್ನು ಒರಗಿಸಲಿಲ್ಲ. ಹೊರಗೆ ಮಗು ಕೆಮ್ಮಿದರೂ ಕತ್ತು ಅತ್ತ ಹೊರಳುತ್ತಿತ್ತು.

"ಆಂಟಿ, ಇದ್ರಲ್ಲಿ ಏನೇನಿದೆ? ಪಾಪು ನನ್ನ ಕೆನ್ನೆನೇ ಚೀಪ್ತಾನೆ. ಜೇನು ಇದ್ಯಾ? ವರ್ಷ ತುಂಬೋವರೆಗೂ ಜೇನು ಬೇಡ ಅಂದಿದಾರೆ ಡಾಕ್ಟ್ರು."

ಪಾಪಮ್ಮ ಜೇನಿನ ಬಟ್ಟಲನ್ನು ಪಕ್ಕಕ್ಕಿಟ್ಟಳು. ಬಿಸಿನೀರು ತಂದ ಮೇಘಶ್ರೀ ಬಾಗಿಲಲ್ಲೇ ನಿಂತಿದ್ದಳು.

"ನಮ್ಮಜ್ಜಿ ಇದನ್ನ ರಾಣಿಯವ್ರಿಗೆ ಹಚ್ತಿದ್ರು."

"ಯಾವ ರಾಣಿ? ಅವ್ರಿಗೆ ಮಕ್ಕಳಿದ್ವಾ? ಮಗು ನೆಕ್ಕಿದ್ರೂ ಏನೂ ಆಗ್ಲಿಲ್ವಾ? ಸಾರಿ ಆಂಟಿ, ನಾನು ತುಂಬಾ ಕೇಳ್ತೀನಿ. ನಮ್ಮನೇಲೂ ಬೈತಾರೆ."

ಪಾಪಮ್ಮ ಬಾಗಿಲ ಕಡೆ ನೋಡಿದಳು. ಮೇಘಶ್ರೀ ನೀರಿನ ಪಾತ್ರೆಯ ಕಡೆ ನೋಡುತ್ತಿದ್ದಳು. ಈ ಹುಡುಗಿಗೆ ಬೇಕಾದದ್ದು ರಾಣಿಯಲ್ಲ, ಇದನ್ನು ಹಚ್ಚಿಸಿಕೊಂಡು ಚೆನ್ನಾಗಿ ಬೆಳೆದ ಒಂದು ಮಗು.

"ರಾಣಿ ವಿಷ್ಯ ನಂಗೊತ್ತಿಲ್ಲಮ್ಮ" ಎಂದಳು ಪಾಪಮ್ಮ. "ಆಗ ಹೇಳಿದ್ದು ಸುಳ್ಳು. ನಮ್ಮಜ್ಜಿ ಮರಿಯಮ್ಮ ಲೈನ್ ಮನೆ ಹೆಂಗಸ್ರ ಹಿಮ್ಮಡಿಗೆ ಹಚ್ತಿದ್ಲು. ಹುಟ್ಟಿದಾಗ ನಂಗೂ ಹಚ್ಚಿದ್ಲು, ನಾನು ನನ್ನ ಇಬ್ರು ಮಕ್ಳಿಗೆ ಹಚ್ಚಿದೆ. ಅವ್ರೂ ನೆಕ್ಕಿದಾರೆ. ದೋಸೆಗೂ ಇದೇ ಹಾಕ್ತೇವೆ ನಾವು. ಆದ್ರೂ ಎಲ್ರ ಮೈ ಒಂದೇ ಅಲ್ಲ. ಇವತ್ತು ಮೊಣಕೈ ಒಳಗೆ ಚೂರು ಹಚ್ಚಿ. ಕೆಂಪಾಗ್ದಿದ್ರೆ ನಾಳೆ ಮುಖ ನೋಡುವ."

"ಸುಕ್ಕು ಹೋಗುತ್ತಾ?"

"ಇಲ್ಲಪ್ಪ. ಒಣಗಲ್ಲ, ಒಡೆಯಲ್ಲ, ಅಷ್ಟೆ. ನಿಮ್ದು ಸುಕ್ಕೂ ಅಲ್ಲ, ನಿದ್ದೆ ಇಲ್ದೆ ಹಾಗಾಗಿದ್ದು."

ಸೌಜನ್ಯ ಮೊದಲ ಬಾರಿಗೆ ನಕ್ಕಳು. ಮೇಘಶ್ರೀ ನೀರನ್ನು ಅಲ್ಲೇ ಇಟ್ಟು ಹೋದಳು.

ಮರುದಿನ ಸೌಜನ್ಯಳ ಮೊಣಕೈ ಕೆಂಪಾಗಿರಲಿಲ್ಲ. ಅರಿಶಿನ ಬೇಡ, ಗುಲಾಬಿ ಬೇಡ, ಬರೀ ತುಪ್ಪ ಸಾಕು ಎಂದಳು. "ಹೊಗೆ ವಾಸನೆ ಚೆನ್ನಾಗಿದೆ ಆಂಟಿ" ಎನ್ನುತ್ತಿದ್ದವಳು ಹಣೆ ನೀವುವಷ್ಟರಲ್ಲೇ ನಿದ್ದೆಹೋದಳು. ಎರಡು ಗಂಟೆ ಏಳಲಿಲ್ಲ. ಹೊರಡುವಾಗ, ಅಕ್ಕನಿಗೊಂದು, ತನಗೊಂದು ಎಂದು ಎರಡು ಭರಣಿ ಕೇಳಿ ಪಡೆದಳು.

ಅವರ ಕಾರು ತಿರುವು ದಾಟಿದ ಮೇಲೆ ಮೇಘಶ್ರೀ ಲೇಬಲ್ಲುಗಳ ಕಟ್ಟು ಹಿಡಿದು ಅಡುಗೆಮನೆಗೆ ಬಂದಳು.

"ಮಾನ ಕಳೆದ್ರಲ್ಲ ಪಾಪಮ್ಮ."

"ಅವ್ರು ಕೇಳಿದ್ದು ಮಗು ಬಗ್ಗೆ ಅಮ್ಮಾ. ಅಲ್ಲಿ ಸುಳ್ಳು ಹೇಳಕ್ಕಾಗ್ಲಿಲ್ಲ. ನನ್ನ ತೆಗೆಯೋದಾದ್ರೆ ತೆಗೀರಿ."

"ತೆಗೆದು? ತುಪ್ಪ ನಾನು ಕಾಯಿಸ್ಲಾ?" ಮೇಘಶ್ರೀ ಮಣೆಯ ಮೇಲೆ ಕೂತಳು. "ಆ ಹುಡುಗಿ ಕೇಳ್ವಾಗ ನಂಗೇ ಉತ್ತರ ಇರ್ಲಿಲ್ಲ. ಹೋಗ್ಲಿ, ಇದನ್ನೆಲ್ಲ ಎಂತ ಮಾಡುವ? ಕಿರೀಟದ್ದೇ ಇದೆ ಪೂರ್ತಿ. ಹರಿದು ಬಿಸಾಕ್ಲಾ?"

ಪಾಪಮ್ಮ ಒಂದು ಲೇಬಲ್ಲನ್ನು ಕಿಟಕಿಯ ಬೆಳಕಿಗೆ ಹಿಡಿದಳು. "ಕಿರೀಟ ಇರ್ಲಿ ಅಮ್ಮಾ. ನಮ್ಮಜ್ಜಿ ತಲೆ ಮೇಲೆ ಹಣ್ಣಿನ ಮೂಟೆ ಬಿಟ್ರೆ ಬೇರೆಂತದೂ ಕೂರ್ಲಿಲ್ಲ. ಹೆಸರು ಮಾತ್ರ ಅವಳದ್ದು ಹಾಕಿ."

ಮೇಘಶ್ರೀ ಪೆನ್ನು ತೆಗೆದು ರಾಣಿಯರ ಸಾಲಿನ ಮೇಲೆ ಗೀಟು ಎಳೆದು, ಕೆಳಗೆ ಬರೆದಳು: ಮರಿಯಮ್ಮಜ್ಜಿಯ ಉಪ್ಪಾಗೆ ತುಪ್ಪ. ಪಾಪಮ್ಮ ಅಕ್ಷರದ ಮೇಲೆ ಬೆರಳಿಟ್ಟು ನಿಧಾನವಾಗಿ ಓದಿದಳು. ಜಿಡ್ಡು ತಾಗಿ ಶಾಯಿ ಹರಡಿತು.

"ಅಯ್ಯೋ, ಹಾಳಾಯ್ತು. ಇನ್ನೊಂದು ಬರೀರಿ" ಎಂದು ಅವಳು ಸೆರಗಿಗೆ ಕೈ ಒರೆಸಿಕೊಂಡಳು.