ಒಂದೇ ಕೈಯ ಗಾಡಿ

ನನ್ನ ಕಾರು ಕೆಟ್ಟು ದಾರಿಯಲ್ಲಿ ನಿಂತದ್ದು ಒಮ್ಮೆಯೂ ಇಲ್ಲ. ಹದಿಮೂರು ವರ್ಷ ಇಟ್ಟುಕೊಂಡ ಸೆಕೆಂಡ್ ಹ್ಯಾಂಡ್ ಸಣ್ಣ ಕಾರಿನ ಬಗ್ಗೆ ಹೀಗೆ ಹೇಳಬಲ್ಲವರು ಡೊಂಬಿವಲಿಯಲ್ಲಿ ಹೆಚ್ಚು ಜನ ಇರಲಿಕ್ಕಿಲ್ಲ. ಮೊದಲೆಲ್ಲ ಇದನ್ನು ಸಿಕ್ಕಿದವರಿಗೆಲ್ಲ ಹೇಳುತ್ತಿದ್ದೆ. ಈಗ ಯಾರಾದರೂ ಕೇಳಿದರೆ ಮಾತು ಬದಲಿಸುತ್ತೇನೆ. ಆ ಕಾರನ್ನು ಚೆನ್ನಾಗಿ ಇಟ್ಟುಕೊಳ್ಳಲಿಕ್ಕಾಗಿ ನಾನು ಹೆಂಡತಿಗೆ ಒಂದು ಸುಳ್ಳು ಹೇಳಿದೆ. ಅದರ ಫಲ ಉಂಡದ್ದು ನಾನಲ್ಲ, ಅವಳ ಅಕ್ಕ. ಅದನ್ನು ಇಲ್ಲಿ ಬರೆದಿಡುತ್ತೇನೆ.

ನಾನು ಉಡುಪಿ ಕಡೆಯವನು. ಎಸ್ಸೆಸ್ಸೆಲ್ಸಿ ಮುಗಿಸಿ ಮುಂಬಯಿಗೆ ಬಂದು, ಎರಡು ವರ್ಷ ಹೋಟೆಲಿನ ಗಲ್ಲಾಪೆಟ್ಟಿಗೆಯ ಮುಂದೆ ಕುಳಿತು, ಆಮೇಲೆ ಕಳವಾ ಎಂಬಲ್ಲಿಯ ಒಂದು ಕಾರ್ಖಾನೆಯಲ್ಲಿ ಸ್ಟೋರ್ ಕೀಪರ್ ಆದೆ. ಬೇರಿಂಗು, ಬೆಲ್ಟು, ಗ್ರೀಸು, ನಟ್ಟು ಬೋಲ್ಟು. ಹಳೆಯ ಬೇರಿಂಗನ್ನು ತಂದು ಮೇಜಿನ ಮೇಲೆ ಇಟ್ಟರೆ ಮಾತ್ರ ಹೊಸದನ್ನು ಕೊಡುತ್ತಿದ್ದೆ. ಫಿಟ್ಟರುಗಳು ಬೈಯುತ್ತಿದ್ದರು, ಸಾಹೇಬರು ಹೊಗಳುತ್ತಿದ್ದರು. ಕಪಾಟಿನಲ್ಲಿ ಇರುವ ಸಾಮಾನು ಹಾಳಾಗುವುದಿಲ್ಲ, ಕೈಗೆ ಹೋದದ್ದೇ ಹಾಳಾಗುವುದು ಎಂಬ ವಿಚಾರ ಮೂವತ್ತು ವರ್ಷದಲ್ಲಿ ನನ್ನ ತಲೆಯೊಳಗೆ ಗಟ್ಟಿಯಾಗಿ ಕೂತಿತ್ತು.

ಕಾರು ಕೊಂಡದ್ದು ಎರಡು ಸಾವಿರದ ನಾಲ್ಕೋ ಐದೋ ಇಸವಿ ಇರಬೇಕು. ಘೋಡಬಂದರ್ ರಸ್ತೆಯ ಹೊಸ ಕಟ್ಟಡವೊಂದರಲ್ಲಿದ್ದ ನಿವೃತ್ತ ಅಧಿಕಾರಿಯೊಬ್ಬರ ಬಿಳಿ ಬಣ್ಣದ ಗಾಡಿ. "ಸಿಂಗಲ್ ಹ್ಯಾಂಡ್ ಗಾಡಿ. ಒಬ್ಬರೇ ಓಡಿಸಿದ್ದು, ಡ್ರೈವರನ ಕೈಗೆ ಕೊಟ್ಟೇ ಇಲ್ಲ" ಎಂದು ದಲ್ಲಾಳಿ ಹೇಳಿದ. ಆ ಮಾತಿಗೇ ನಾನು ಮರುಳಾದೆ. ಗಾಡಿ ಇನ್ನು ಮುಂದೆಯೂ ಒಂದೇ ಕೈಯಲ್ಲಿ ಇರಬೇಕು, ಆಗ ಇಪ್ಪತ್ತು ವರ್ಷ ಬಾಳುತ್ತದೆ ಎಂದು ಅವತ್ತೇ ನಿಶ್ಚಯಿಸಿಕೊಂಡೆ.

ಭಾನುವಾರ ಮಾತ್ರ ಹೊರಗೆ ತೆಗೆಯುತ್ತಿದ್ದೆ. ಶನಿವಾರ ಚಕ್ರದ ಗಾಳಿ ನೋಡಿಸುವುದು. ಆಯಿಲ್ ಬದಲಿಸುವ ಅವಧಿ ಬರುವ ಮೊದಲೇ ಬದಲಿಸುವುದು. ಐವತ್ತರ ಮೇಲೆ ಓಡಿಸುವುದಿಲ್ಲ. ಜೂನ್ ತಿಂಗಳು ಬಂತೆಂದರೆ ದಪ್ಪ ಕವರು ಹಾಕಿ ಕಟ್ಟಿದರೆ ಚೌತಿ ಕಳೆದ ಮೇಲೆಯೇ ಬಿಚ್ಚುವುದು. ನಮ್ಮ ಕಟ್ಟಡದ ಮರಾಠಿ ನೆರೆಯವನು ಕೇಳುತ್ತಿದ್ದ, "ಕಾಕಾ, ಗಾಡಿ ಆಹೇ ಕೀ ದೇವ್ಹಾರಾ?" ಗಾಡಿಯೋ ದೇವರ ಮಂಟಪವೋ ಎಂದು ಅವನ ಕುಚೋದ್ಯ. ನನಗೆ ಅದು ಹೊಗಳಿಕೆಯಾಗಿ ಕೇಳುತ್ತಿತ್ತು.

ರಿಪೇರಿಗೆ ಕಲ್ಯಾಣ ರಸ್ತೆಯ ಒಂದು ಗ್ಯಾರೇಜಿಗೆ ಹೋಗುತ್ತಿದ್ದೆ. ಮಿಸ್ತ್ರಿ ಕಲಬುರಗಿ ಕಡೆಯವನು. ಕೆಲಸ ಬಲ್ಲವನು, ಬಾಯಿ ಮಾತ್ರ ಸುಮ್ಮನಿರುತ್ತಿರಲಿಲ್ಲ.

"ಕಾಕಾ, ಗಾಡಿ ಹಿಂಗ ಕಟ್ಟಿ ಹಾಕಿದ್ರ ಕೆಡ್ತದ್ರಿ. ವಾರದಾಗ ಎರಡ್ ಸಲ ದೂರ ಹೊಡೀರಿ. ಮನಷ್ಯಾರ ಮೈ ಇದ್ದಂಗ ಅದು, ಕೂತ್ರ ಹಿಡ್ಕೊಂತದ."

"ನೀನು ನಿನ್ನ ಕೆಲಸ ಮಾಡು ಮಾರಾಯ" ಎನ್ನುತ್ತಿದ್ದೆ ನಾನು.

ನಮಗೆ ಮಕ್ಕಳಿಲ್ಲ. ಹೆಂಡತಿಗೆ ತವರು ಎಂದರೆ ಸೀವುಡ್ಸ್‌ನಲ್ಲಿದ್ದ ಅಕ್ಕ ಒಬ್ಬರೇ. ತಾಯಿ ಇಲ್ಲದ ತಂಗಿಯನ್ನು ಊರಿನಿಂದ ಕರೆತಂದು, ಸಾಕಿ, ನನಗೆ ಮದುವೆ ಮಾಡಿಕೊಟ್ಟವರು ಅವರೇ. ತಾವು ಮದುವೆಯಾಗಲಿಲ್ಲ. ಟೈಪಿಸ್ಟ್ ಆಗಿ ದುಡಿದು ನಿವೃತ್ತರಾಗಿ, ಒಂದು ಕೋಣೆಯ ಮನೆಯಲ್ಲಿ ಇದ್ದರು. ಕಾರು ಕೊಂಡು ಏಳೆಂಟು ವರ್ಷ ಆದ ಮೇಲೆ, ಒಂದು ದೀಪಾವಳಿ ಕಳೆದ ವಾರ, ಅವರಿಗೆ ಪಾರ್ಶ್ವವಾಯು ಬಡಿಯಿತು. ಬಲಗೈ, ಬಲಗಾಲು ಹೋಯಿತು. ಮಾತೂ ಹೋಯಿತು.

ಆಸ್ಪತ್ರೆಯಲ್ಲಿ ಮಾತು ಕಲಿಸುವ ಹೆಂಗಸು ನಮಗೆ ಸ್ಪಷ್ಟವಾಗಿ ಹೇಳಿದಳು. ಇವರ ಮಾತು ಪೂರ್ತಿ ಹೋಗಿಲ್ಲ, ಹಿಂದಕ್ಕೆ ತರಬಹುದು. ಆದರೆ ಅವರ ಮನೆಭಾಷೆಯಲ್ಲಿಯೇ ಯಾರಾದರೂ ಎದುರು ಕುಳಿತು ದಿನಾ ಮಾತಾಡಿಸಬೇಕು, ಬಾಯಿ ನೋಡಿಕೊಂಡು ಅವರು ಹೇಳಬೇಕು. ಮೊದಲ ಒಂದು ವರ್ಷ ಬಹಳ ಮುಖ್ಯ. ಬಿಟ್ಟರೆ ಬಂದದ್ದೂ ಹೋಗುತ್ತದೆ.

ಅಕ್ಕನ ಮನೆಭಾಷೆ ತುಳು. ನೋಡಿಕೊಳ್ಳಲು ಇಟ್ಟ ಕೆಲಸದವಳು ಮರಾಠಿಯವಳು. ಫೋನಿನಲ್ಲಿ ಬಾಯಿ ಕಾಣುವುದಿಲ್ಲ. ನಮ್ಮ ಮನೆಗೆ ಕರೆತರೋಣವೆಂದರೆ ಮೂರನೆಯ ಮಾಳಿಗೆ, ಲಿಫ್ಟ್ ಇಲ್ಲ. ಉಳಿದವಳು ನನ್ನ ಹೆಂಡತಿ ಒಬ್ಬಳೇ. ಅವಳು ಲೋಟ ಎತ್ತಿ ಹಿಡಿದು, ಬಾಚಣಿಗೆ ಎತ್ತಿ ಹಿಡಿದು, ಮಗುವಿಗೆ ಹೇಳಿಕೊಡುವ ಹಾಗೆ ಹೇಳಿಕೊಡುತ್ತಿದ್ದಳು. ಒಂದು ತಿಂಗಳಿಗೆ ಅಕ್ಕ "ನೀರ್" ಎಂದರು. ಹೆಂಡತಿ ಅವತ್ತು ಮನೆಗೆ ಬಂದು ಚಪ್ಪಲಿ ಕಳಚದೆ ನಿಂತು ಅತ್ತಳು.

ಅವಳು ಹೋಗುತ್ತಿದ್ದದ್ದು ರೈಲಿನಲ್ಲಿ. ಡೊಂಬಿವಲಿಯಲ್ಲಿ ಬೆಳಿಗ್ಗೆ ರೈಲು ಹತ್ತುವುದು ಎಂದರೆ ಏನು ಎಂದು ಇಲ್ಲಿಯವರಿಗೆ ಹೇಳಬೇಕಾಗಿಲ್ಲ. ಠಾಣೆಯಲ್ಲಿ ಇಳಿದು, ಸೇತುವೆ ಹತ್ತಿ ಇಳಿದು, ಆ ಕಡೆಯ ಪ್ಲಾಟ್‌ಫಾರ್ಮಿನಿಂದ ಇನ್ನೊಂದು ರೈಲು. ವಾರಕ್ಕೆ ಎರಡು ಸಲಕ್ಕಿಂತ ಹೆಚ್ಚು ಅವಳಿಂದ ಆಗುತ್ತಿರಲಿಲ್ಲ. ಭಾನುವಾರ ನಾನು ಕಾರಿನಲ್ಲಿ ಕರೆದೊಯ್ಯುತ್ತಿದ್ದೆ. ಉಳಿದ ದಿನ ಕಾರು ಕೆಳಗೆ ನಿಂತಿರುತ್ತಿತ್ತು. ಆಗ ನಾನು ನಿವೃತ್ತನಾಗಿದ್ದೆ. ದಿನಾ ಕರೆದೊಯ್ಯಬಹುದಿತ್ತು. ಒಯ್ಯಲಿಲ್ಲ. ದಾರಿಯ ಶೀಳ್ ಫಾಟಾದ ಹೊಂಡಗಳಲ್ಲಿ ವಾರಕ್ಕೆ ಆರು ಸಲ ಓಡಿಸಿದರೆ ಗಾಡಿ ಏನಾಗಬೇಕು ಎಂದು ಕೇಳುತ್ತಿದ್ದೆ. ಅವಳು ವಾದ ಮಾಡಲಿಲ್ಲ. ಸ್ಟೇಷನ್ ಹತ್ತಿರದ ಡ್ರೈವಿಂಗ್ ಸ್ಕೂಲಿಗೆ ಹೋಗಿ ಸೇರಿದಳು. ಐವತ್ತಮೂರು ವರ್ಷದ ಹೆಂಗಸು, ಸೆರಗು ಸಿಕ್ಕಿಸಿಕೊಂಡು, ಕಾಲೇಜು ಹುಡುಗಿಯರ ನಡುವೆ ಕಲಿತಳು. ಲೈಸೆನ್ಸ್ ಬಂದ ದಿನ ಪೇಡೆ ತಂದು ಕಟ್ಟಡಕ್ಕೆಲ್ಲ ಹಂಚಿದಳು.

"ಇನ್ನು ನಿಮಗೆ ಉಪದ್ರ ಇಲ್ಲ. ನಾನೇ ಹೋಗಿ ಬರ್ತೇನೆ" ಎಂದಳು.

ಮುಂದಿನ ಭಾನುವಾರ ಅಭ್ಯಾಸಕ್ಕೆಂದು ಕಾರ್ಖಾನೆಗಳ ಕಡೆಯ ಖಾಲಿ ರಸ್ತೆಗೆ ಕರೆದೊಯ್ದೆ. ಅವಳು ಕ್ಲಚ್ಚನ್ನು ಅರ್ಧ ಒತ್ತಿ ಹಿಡಿದಳು. ಸುಟ್ಟ ವಾಸನೆ ಬಂತು.

"ಕ್ಲಚ್ ಬಿಡು! ಬಿಡು!"

"ಬಿಟ್ರೆ ಬಂದ್ ಬೀಳ್ತದೆ."

"ಪೂರ್ತಿ ಬಿಡ್ಬೇಡ, ನಿಧಾನ!"

"ಬಿಡು ಅಂತೀರಿ, ಬಿಡ್ಬೇಡ ಅಂತೀರಿ. ಆ ಮಾಸ್ತರು ಹೀಗೆ ಬೊಬ್ಬೆ ಹಾಕ್ತಿರ್ಲಿಲ್ಲಪ್ಪ."

"ಅವನ ಗಾಡಿ ಸುಟ್ಟು ಹೋದ್ರೂ ಅವನಿಗೇನು? ಇದು ನನ್ನ ಗಾಡಿ."

"ಹೌದಾ? ನಾನು ನಮ್ಮದು ಅಂತ ಎಣಿಸಿದ್ದೆ."

ಚಹಾದಂಗಡಿಯ ಮುಂದೆ ನಿಂತವರು ನಗುತ್ತಿದ್ದರು. ನಾನು ಅವಳನ್ನು ಇಳಿಸಿ, ಸೀಟು ಹಿಂದಕ್ಕೆ ಸರಿಸಿ, ನಾನೇ ಓಡಿಸಿಕೊಂಡು ಬಂದೆ. ಮರುದಿನ ಕಾರನ್ನು ಮಿಸ್ತ್ರಿಗೆ ತೋರಿಸಿದೆ. ಅವನು ಒಂದು ಸುತ್ತು ಓಡಿಸಿ ನೋಡಿ ನಕ್ಕ.

"ಕ್ಲಚ್ಚಿಗೆ ಏನೂ ಆಗಿಲ್ರಿ ಕಾಕಾ. ಕಲಿಯೋರು ಇಷ್ಟು ಸುಡತಾರ. ಕಾಕಿಯವರ ಕೈಯಾಗ ಕೊಡ್ರಿ, ಎಂಟ್ ದಿನದಾಗ ಕೈ ಕೂಡ್ತದ. ಹೋದ್ರ ಒಂದು ಪ್ಲೇಟ್ ಹೋಗ್ತದ, ನಾ ಹಾಕಿ ಕೊಡ್ತೀನಿ."

ಮನೆಗೆ ಬಂದಾಗ ಹೆಂಡತಿ ಬಾಗಿಲಲ್ಲೇ ಕಾಯುತ್ತಿದ್ದಳು. ಆ ಮಿಸ್ತ್ರಿಯ ಮೇಲೆ ಅವಳಿಗೆ ನಂಬಿಕೆ. ಅವನಿಗೆಂದು ಪತ್ರೊಡೆ ಕಟ್ಟಿ ಕಳಿಸುತ್ತಿದ್ದಳು. "ಏನು ಹೇಳಿದ?" ಎಂದು ಕೇಳಿದಳು. ನಾನು ಬರುವಾಗ ದಾರಿಯಲ್ಲೇ ಮಾತು ಜೋಡಿಸಿಕೊಂಡಿದ್ದೆ.

"ಗಾಡಿ ಒಂದೇ ಕೈಗೆ ಹೊಂದಿದೆಯಂತೆ. ಎರಡನೇ ಕೈ ಬಿದ್ರೆ ಕ್ಲಚ್ಚೂ ಹೋಗ್ತದೆ, ಬ್ರೇಕೂ ಹಿಡಿಯೋದಿಲ್ಲ. ಶೀಳ್ ಫಾಟಾದ ಏರಿನಲ್ಲಿ ಹಿಂದೆ ಜಾರಿದ್ರೆ ಹಿಂದಿನವರ ಗತಿ ಹೇಳ್ಲಿಕ್ಕಾಗದು ಅಂದ."

"ಅವನೇ ಹಾಗೆ ಹೇಳಿದ್ನಾ?"

"ಮತ್ತೆ? ನಾನು ಹುಟ್ಟಿಸಿ ಹೇಳ್ತೇನಾ?"

"ಹಾಗಾದ್ರೆ ಬೇಡ. ನನ್ನಿಂದ ಯಾರಾದ್ರೂ ಸಾಯೋದು ಬೇಡ" ಎಂದು ಲೈಸೆನ್ಸನ್ನು ಕಪಾಟಿನಲ್ಲಿ ಸೀರೆಗಳ ಅಡಿಗೆ ಇಟ್ಟಳು. ಆ ರಾತ್ರಿ ನನಗೆ ಚೆನ್ನಾಗಿಯೇ ನಿದ್ದೆ ಬಂತು. ಅದನ್ನೂ ಹೇಳಬೇಕು.

ಅವಳು ಮತ್ತೆ ರೈಲು ಹಿಡಿದಳು. ಮೇ ತಿಂಗಳ ಹೊತ್ತಿಗೆ ಅಕ್ಕ ಎರಡು ಮೂರು ಪದ ಸೇರಿಸಿ ಹೇಳತೊಡಗಿದ್ದರು. ಹೆಂಡತಿ ಹೊರಡಲು ಎದ್ದರೆ, ಇನ್ನು ಯಾವಾಗ ಬರುತ್ತಿ ಎಂದು ಕೇಳುತ್ತಿದ್ದರು. ತುಳುವಿನಲ್ಲಿ, ಸರಿಯಾಗಿ. ನನ್ನನ್ನು ನೋಡಿ ಒಮ್ಮೆ "ಗಾಡಿ" ಎಂದು ನಕ್ಕದ್ದೂ ಉಂಟು.

ಜೂನ್‌ನಲ್ಲಿ, ಮಳೆ ಹಿಡಿದ ಮೂರನೆಯ ದಿನ, ಠಾಣೆ ಸೇತುವೆಯ ಒದ್ದೆ ಮೆಟ್ಟಿಲಿನಲ್ಲಿ ಅವಳು ಜಾರಿ ಬಿದ್ದಳು. ಎಡ ಮೊಣಕಾಲು ಊದಿತು. ಮೆಟ್ಟಿಲು ಹತ್ತಬಾರದು ಎಂದರು ಡಾಕ್ಟರು. ನಮ್ಮ ಮಹಡಿಯಿಂದ ದಿನಕ್ಕೊಮ್ಮೆ ಕಂಬಿ ಹಿಡಿದು ಇಳಿಯುವುದು ಆಗುತ್ತಿತ್ತು. ಸ್ಟೇಷನ್ನಿನ ಸೇತುವೆ, ನೂಕುನುಗ್ಗಲು ಆಗುತ್ತಿರಲಿಲ್ಲ. ಆಗಿನ್ನೂ ಫೋನಿನಲ್ಲಿ ಟ್ಯಾಕ್ಸಿ ಕರೆಯುವುದು ನಮ್ಮ ಕಡೆ ಬಂದಿರಲಿಲ್ಲ. ಅಷ್ಟು ದೂರ ಬರಲು ರಿಕ್ಷಾದವರು ಒಪ್ಪುತ್ತಿರಲಿಲ್ಲ. ಉಳಿದದ್ದು ಕವರು ಹಾಕಿ ಕಟ್ಟಿದ್ದ ಕಾರು.

"ಮಳೆ ಬಿಟ್ಟ ದಿನ ಆದ್ರೂ ಬಿಟ್ಟು ಬನ್ನಿ" ಎಂದಳು.

ಬಿಟ್ಟ ಮಳೆ ಎಷ್ಟು ಹೊತ್ತಿಗೆ ಮತ್ತೆ ಬರುತ್ತದೋ ಏನೋ, ರಸ್ತೆಯ ನೀರು ಎಂಜಿನಿಗೆ ಹೋದರೆ ಗಾಡಿಯ ಆಯುಷ್ಯ ಮುಗಿದ ಹಾಗೆ ಎಂದೆ. ಹಾಗಾದರೆ ಚೌತಿವರೆಗೆ ಅಕ್ಕನ ಮನೆಯಲ್ಲೇ ಇರುತ್ತೇನೆ, ಒಮ್ಮೆ ಕೊಂಡುಹೋಗಿ ಬಿಡಿ ಎಂದಳು. ನನಗೆ ಸಕ್ಕರೆ ಕಾಯಿಲೆ, ಹೊರಗಿನ ಊಟ ಆಗುವುದಿಲ್ಲ ಎಂದೆ. ಎಷ್ಟೆಂದರೆ ಅಷ್ಟು ಸಬೂಬು ನನ್ನಲ್ಲಿ ಇತ್ತು. ಅವಳು ದಿನಾ ಫೋನ್ ಹಚ್ಚಿ ಅಕ್ಕನ ಕಿವಿಗೆ ಹಿಡಿಯುವಂತೆ ಆ ಕೆಲಸದವಳಿಗೆ ಹೇಳುತ್ತಿದ್ದಳು. ಜುಲೈನಲ್ಲಿ ಆ ಕಡೆಯಿಂದ ಒಂದೊಂದು ಪದ ಬರುತ್ತಿತ್ತು. ಆಗಸ್ಟ್‌ನಲ್ಲಿ ಉಸಿರಾಟ ಮಾತ್ರ ಕೇಳಿಸುತ್ತಿತ್ತು.

ಚೌತಿ ಕಳೆದ ಮೇಲೆ ಕವರು ಬಿಚ್ಚಿದೆ. ಇಲಿ ಒಳಗೆ ಗೂಡು ಕಟ್ಟಿ ಎರಡು ವಯರು ಕಡಿದಿತ್ತು. ಮಿಸ್ತ್ರಿ ಬಂದು ಸರಿ ಮಾಡಿದ. ಹೆಂಡತಿ ಕೆಳಗಿಳಿದು ಅವನನ್ನು ಮಾತಾಡಿಸುತ್ತಾಳೋ ಎಂದು ಹೆದರಿ ನಾನು ಅವನನ್ನು ಬೇಗ ಬೇಗ ಸಾಗಹಾಕಿದೆ. ಆಮೇಲೆ ಇಬ್ಬರೂ ಸೀವುಡ್ಸ್‌ಗೆ ಹೋದೆವು. ಕಾರು ಬೆಣ್ಣೆಯ ಹಾಗೆ ಓಡಿತು.

ಹೆಂಡತಿ ಲೋಟ ಎತ್ತಿ ಹಿಡಿದಳು. ಅಕ್ಕ ಅದನ್ನು ನೋಡಿದರು, ಅವಳ ಬಾಯಿಯನ್ನು ನೋಡಿದರು. ತುಟಿ ಅಲುಗಿತು. ಏನೂ ಬರಲಿಲ್ಲ. ಬಾಚಣಿಗೆ ಹಿಡಿದಳು. ಮತ್ತೆ ಲೋಟ ಹಿಡಿದಳು. ಅಕ್ಕ ಎಡಗೈಯಿಂದ ಅದನ್ನು ತಳ್ಳಿ ಮುಖ ಗೋಡೆಗೆ ತಿರುಗಿಸಿದರು. ಆಮೇಲೆ ಎಷ್ಟು ಪ್ರಯತ್ನ ಮಾಡಿದರೂ ಮಾತು ತಿರುಗಿ ಬರಲೇ ಇಲ್ಲ. ಮಾತು ಕಲಿಸುವ ಹೆಂಗಸು ಬಂದು ನೋಡಿ, "ನಡುವೆ ಬಿಟ್ಟಿರಾ?" ಎಂದು ಮಾತ್ರ ಕೇಳಿದಳು.

ಅದಾಗಿ ಕೆಲವು ವರ್ಷ ಭಾನುವಾರ ಭಾನುವಾರ ಹೋಗಿ ಬಂದೆವು. ಆಮೇಲೆ ನನ್ನ ಕಣ್ಣು ಕೆಟ್ಟಿತು. ಕಾಚಬಿಂದು, ಅಂದರೆ ಗ್ಲಾಕೋಮಾ, ಎಂದರು. ಬದಿಯ ನೋಟ ಹೋಗಿದೆ, ಇನ್ನು ಗಾಡಿ ಮುಟ್ಟಬೇಡಿ ಎಂದರು. ಆಗ ನಾನು ಹೆಂಡತಿಗೆ, "ಇನ್ನು ನೀನೇ ಓಡಿಸು" ಎಂದೆ. ನಾಚಿಕೆಯಿಲ್ಲದೆ ಎಂದೆ. ಅವಳು ಎಡ ಮೊಣಕಾಲನ್ನು ಎರಡೂ ಕೈಯಿಂದ ಎತ್ತಿ ಮಂಚದ ಮೇಲೆ ಇಟ್ಟುಕೊಳ್ಳುತ್ತ, "ಈ ಕಾಲಿನಲ್ಲಿ ಕ್ಲಚ್ ಒತ್ಲಿಕ್ಕೆ ಆಗ್ತದಾ?" ಎಂದಳು. ಒಬ್ಬ ಡ್ರೈವರನನ್ನು ಇಟ್ಟು ನೋಡಿದೆ. ಅವನು ಗೇರ್ ಹಾಕುವ ಸದ್ದಿಗೆ ನಾನು ಹಲ್ಲು ಕಚ್ಚುತ್ತಿದ್ದೆ. ಎರಡು ಭಾನುವಾರದಲ್ಲಿ ಜಗಳವಾಡಿ ಕಳಿಸಿಬಿಟ್ಟೆ. ಅಷ್ಟಾದರೂ ನನಗೆ ಬುದ್ಧಿ ಬಂದಿರಲಿಲ್ಲ.

ಒಂದು ಜುಲೈ ಬೆಳಿಗ್ಗೆ ಆ ಕೆಲಸದವಳು ಫೋನ್ ಮಾಡಿ, ಅಕ್ಕ ಅನ್ನ ನುಂಗುತ್ತಿಲ್ಲ ಎಂದಳು. ಅಷ್ಟರಲ್ಲಿ ಫೋನಿನಲ್ಲಿ ಟ್ಯಾಕ್ಸಿ ಕರೆಯುವುದು ಬಂದಿತ್ತು. ನೆರೆಯವನು ಕರೆಸಿಕೊಟ್ಟ. ಬಂದದ್ದು ಬಂಪರಿಗೆ ಹಗ್ಗ ಕಟ್ಟಿದ, ಒಂದು ಬಾಗಿಲು ಒಳಗಿನಿಂದ ತೆರೆಯದ ಕಾರು. ಎಷ್ಟು ಕೈ ಬದಲಾಗಿತ್ತೋ. ಹೆಂಡತಿ ಒಂದು ಚೀಲ ಹಿಡಿದು ಹತ್ತಿದಳು. ಆ ಕಾರು ಸೊಂಟದೆತ್ತರ ನೀರು ಚಿಮ್ಮಿಸಿಕೊಂಡು ಹೋಯಿತು. ಒಂದೂಕಾಲು ಗಂಟೆ ಕಳೆದ ಮೇಲೆ ಅವಳ ಫೋನ್ ಬಂತು, ತಲುಪಿದೆ ಎಂದು. ನಾನು ಕೊಡೆ ಹಿಡಿದು ಇನ್ನೂ ಕೆಳಗೇ ಇದ್ದೆ.

ಅವಳು ತಿರುಗಿ ಬರಲಿಲ್ಲ. ಜಗಳವಿಲ್ಲ, ದೂರಿಲ್ಲ. ಅಕ್ಕನಿಗೆ ಗಂಜಿ ಕಿವುಚಿ ಕುಡಿಸಲು ಜನ ಬೇಕು, ಅಷ್ಟೇ. ನನಗೆ ಡಬ್ಬಿಯ ಊಟ ಗೊತ್ತು ಮಾಡಿಕೊಟ್ಟಳು. ಹೊರಗಿನ ಊಟ ನನಗೆ ಆಗುತ್ತದೆ ಎಂದು ಆಗ ತಿಳಿಯಿತು. ಕಾರು ಮಾರಿದೆ. ಮೀಟರು ನೋಡಿ, ಇಷ್ಟು ಕಡಿಮೆ ಓಡಿದ ಗಾಡಿ ಎಲ್ಲೂ ಇಲ್ಲ ಎಂದ ಕೊಂಡವನು.

ಕಳೆದ ತಿಂಗಳು, ನೆರೆಯವನ ಕೈ ಹಿಡಿದುಕೊಂಡು ರೈಲಿನಲ್ಲಿ ಸೀವುಡ್ಸ್‌ಗೆ ಹೋದೆ. ಹೆಂಡತಿ ಅಡುಗೆಮನೆಯಲ್ಲಿದ್ದಳು. ನೆರೆಯವನು ಅವನ ಕೆಲಸಕ್ಕೆ ಹೋದ. ನಾನು ಅಕ್ಕನ ಮಂಚದ ಪಕ್ಕದಲ್ಲಿ ಕುಳಿತೆ. ಅವರು ಸೂರು ನೋಡುತ್ತಿದ್ದರು. ಹೆಂಡತಿಗೆ ಹೇಳಲು ನನಗೆ ಇಷ್ಟು ವರ್ಷ ಬಾಯಿ ಬಂದಿರಲಿಲ್ಲ. ಇವರಿಗಾದರೆ ಹೇಳಬಹುದು ಎನಿಸಿತು. ಉತ್ತರ ಕೊಡಲಾರದವರ ಮುಂದೆ ಧೈರ್ಯ ಬರುತ್ತದೆ, ಅದೂ ನನ್ನ ಹೇಡಿತನವೇ. ಮಿಸ್ತ್ರಿ ಹಾಗೆ ಹೇಳಿರಲಿಲ್ಲ, ಅವಳ ಕೈಗೆ ಗಾಡಿ ಕೊಡಿ ಎಂದೇ ಹೇಳಿದ್ದ, ಉಳಿದದ್ದೆಲ್ಲ ನಾನು ಕಟ್ಟಿದ ಮಾತು ಎಂದು ತುಳುವಿನಲ್ಲಿ, ಮೆಲ್ಲಗೆ ಹೇಳಿದೆ.

ಅಡುಗೆಮನೆಯಲ್ಲಿ ನಲ್ಲಿಯ ಸದ್ದು ನಿಂತಿತು. ಹೆಂಡತಿ ಬಾಗಿಲಿಗೆ ಬಂದಳು. ಅವಳ ಮುಖ ನನಗೆ ಸರಿಯಾಗಿ ಕಾಣುವುದಿಲ್ಲ. ಕೈ ಒರಸಿಕೊಳ್ಳುತ್ತಿದ್ದಳು. ಆಮೇಲೆ ಹತ್ತಿರ ಬಂದು ಅಕ್ಕನ ಬಾಯಿಯ ಅಂಚು ಒರಸಿದಳು.

"ಜೋರಾಗಿ ಹೇಳಿ" ಎಂದಳು. "ಈ ಕಡೆಯ ಕಿವಿ ಅಕ್ಕನಿಗೆ ಕೇಳುವುದಿಲ್ಲ."

ನಾನು ಎದ್ದು, ಮಂಚದ ಅಂಚನ್ನು ತಡವುತ್ತ ಆ ಕಡೆಗೆ ಹೋಗಿ ಕುಳಿತೆ. ಮೊದಲಿನಿಂದ ಹೇಳತೊಡಗಿದೆ.