ತೊಂಬತ್ತೆಂಟರ ಬೆಳ್ಳಿ

ಪೋನ್ಸಿಯಾನೊ ಬೆರುಮೆನ್ ಗಣಿಯ ಕೆಲಸಗಾರನಾದರೂ ಗಣಿಯೊಳಗೆ ಇಳಿದದ್ದು ಕಡಿಮೆ. ಅವನ ಜಾಗ ಮೇಲೆ, ಬಾವಿಯ ಬಾಯಲ್ಲಿ. ಕೆಳಗಿನಿಂದ ಗಂಟೆಯ ಸನ್ನೆ ಬಂದರೆ ಆಳುಗಳ ಪಂಜರವನ್ನೋ ಅದಿರಿನ ತೊಟ್ಟಿಯನ್ನೋ ಮೇಲಕ್ಕೆತ್ತುವ ಯಂತ್ರ ಅವನ ಕೈಯಲ್ಲಿತ್ತು. ಸಕಾತೆಕಾಸ್ ಸೀಮೆಯ ಬೋಳುಗುಡ್ಡಗಳ ನಡುವಿನ ಸಾಂತಾ ಎಲೆನಾ ದೆ ಲಾ ವೇತಾ ಎಂಬ ಆ ಊರಿನಲ್ಲಿ ಗಂಡಸರದು ಎರಡೇ ಜಾತಿ: ಎದೆಯಲ್ಲಿ ಕಲ್ಲಿನ ಧೂಳು ಕೂತವರು, ಇನ್ನೂ ಕೂರದವರು. ಎರಡನೆಯ ಜಾತಿಯಲ್ಲೇ ಮುದುಕನಾಗುವ ಪುಣ್ಯವಂತ ಎಂದು ಜನ ಪೋನ್ಸಿಯಾನೊನನ್ನು ಆಡಿಕೊಳ್ಳುತ್ತಿದ್ದರು.

ಮೊದಲ ಜಾತಿಯವನು ಫಿದೆನ್ಸಿಯೊ ಲೂಗೊ. ಬಂಡೆ ಕೊರೆಯುವವನು. ಅವನ ಮಗಳು ನಯೇಲಿಗೆ ಜ್ಞಾನಸ್ನಾನ ಮಾಡಿಸುವಾಗ ಧರ್ಮತಂದೆಯಾಗಿ ಕೂಸನ್ನು ಎತ್ತಿ ಹಿಡಿದವನು ಪೋನ್ಸಿಯಾನೊ. ಅಂದಿನಿಂದ ಅವರಿಬ್ಬರೂ ಒಬ್ಬರನ್ನೊಬ್ಬರು ಹೆಸರು ಹಿಡಿದು ಕರೆದದ್ದಿಲ್ಲ; ಬಾಯಿ ತೆರೆದರೆ ‘ಕೊಂಪಾದ್ರೆ’, ಅಂದರೆ ಕೂಸಿನ ಜೊತೆತಂದೆ. ಆ ಊರಲ್ಲಿ ಅಣ್ಣತಮ್ಮಂದಿರು ಜಗಳವಾಡಬಹುದು, ಕೊಂಪಾದ್ರೆಗಳು ಆಡುವಂತಿಲ್ಲ. ಒಬ್ಬನ ಮನೆಯಲ್ಲಿ ಒಲೆ ಉರಿಯದಿದ್ದರೆ ಇನ್ನೊಬ್ಬ ಕೇಳದೆಯೇ ಸೌದೆ ತರಬೇಕು.

ಪೋನ್ಸಿಯಾನೊಗೆ ಕುಡಿತವಿರಲಿಲ್ಲ, ಕೋಳಿ ಅಂಕದ ಹುಚ್ಚಿರಲಿಲ್ಲ. ಅವನ ಚಟವೇ ಬೇರೆ. ಡಿಸೆಂಬರಿನಲ್ಲಿ ಬೋನಸ್ ಕೈಗೆ ಬಂದೊಡನೆ ಬಸ್ಸು ಹತ್ತಿ ಸಕಾತೆಕಾಸ್ ನಗರಕ್ಕೆ ಹೋಗಿ, ಬ್ಯಾಂಕಿನಲ್ಲಿ ಆ ವರ್ಷದ ಬೆಳ್ಳಿ ನಾಣ್ಯಗಳನ್ನು ಕೊಂಡು ತರುತ್ತಿದ್ದ. ಒಂದು ಮುಖದಲ್ಲಿ ಹಾವನ್ನು ಕಚ್ಚಿ ಹಿಡಿದ ಹದ್ದು, ಇನ್ನೊಂದರಲ್ಲಿ ರೆಕ್ಕೆಯಿರುವ ಹೆಣ್ಣು. ಇಷ್ಟು ಪೆಸೊ ಎಂದು ಆ ನಾಣ್ಯದ ಮೇಲೆ ಎಲ್ಲೂ ಬರೆದಿರುವುದಿಲ್ಲ. ಇಷ್ಟು ತೂಕದ ಶುದ್ಧ ಬೆಳ್ಳಿ ಎಂದಷ್ಟೇ. ಬೆಲೆಯನ್ನು ದಿನದಿನದ ಪೇಟೆ ಹೇಳಬೇಕು.

ತೊಂಬತ್ತೆಂಟನೆಯ ಇಸವಿಯಲ್ಲಿ ಬೆಳ್ಳಿಯನ್ನು ಕೇಳುವವರೇ ಇರಲಿಲ್ಲ. ಅವನು ಹೋದಾಗ ಬ್ಯಾಂಕಿನವನು ಮೊಹರು ಒಡೆಯದ ಇಪ್ಪತ್ತು ನಾಣ್ಯಗಳ ಕೊಳವೆಯನ್ನು ಇಡಿಯಾಗಿ ಅವನ ಕಡೆ ತಳ್ಳಿದ. ಕೆಲವು ವರ್ಷಗಳಾದ ಮೇಲೆ ನಗರದಲ್ಲಿ ಹಳೆ ನಾಣ್ಯದ ಅಂಗಡಿ ಇಟ್ಟಿದ್ದ ದೋನ್ ಅಬುಂದಿಯೊ ಕೆಸಾದಾ, ಆ ವರ್ಷ ಟಂಕಸಾಲೆ ಈ ನಾಣ್ಯವನ್ನು ತೀರ ಕಡಿಮೆ ಹೊಡೆದಿತ್ತು ಎಂಬ ಸಂಗತಿ ಹೇಳಿದರು. ಉಳಿದ ಇಸವಿಗಳದ್ದು ಬರೀ ಬೆಳ್ಳಿ, ತೊಂಬತ್ತೆಂಟರದು ಬೇರೆ ಮಾತು; ಕೈ ಬೆವರು ತಾಗಿಸಬೇಡ, ಉಜ್ಜಬೇಡ, ಮೊಹರು ಒಡೆಯಬೇಡ, ಕಾಯಿ ಎಂದರು.

ಪೋನ್ಸಿಯಾನೊ ಕಾಯತೊಡಗಿದ. ಜೀವನದಲ್ಲಿ ಮೊದಲ ಸಲ ತನ್ನ ಹತ್ತಿರ ಬೇರೆಯವರ ಹತ್ತಿರ ಇಲ್ಲದ್ದೊಂದು ಇದೆ ಎನ್ನಿಸಿತು. ಕೊಳವೆಯನ್ನು ಮಾತೆ ಮರಿಯಳ ಪಟದ ಹಿಂದಿನ ಗೂಡಿನಲ್ಲಿಟ್ಟ. ಈ ಗುಟ್ಟು ತಿಳಿದಿದ್ದದ್ದು ಹೆಂಡತಿ ಒತಿಲಿಯಾಗೆ ಮತ್ತು ಕೊಂಪಾದ್ರೆಗೆ. ಫಿದೆನ್ಸಿಯೊ ಅದನ್ನು ಕಂಡಾಗಲೆಲ್ಲ ನಗುತ್ತಿದ್ದ.

“ರೆಕ್ಕೆ ಇರೋ ಹೆಂಗಸರನ್ನ ಡಬ್ಬಿಲಿ ಕೂಡಿ ಹಾಕಿದ್ದೀಯಲ್ಲೋ ಕೊಂಪಾದ್ರೆ. ಅದೂ ಇಪ್ಪತ್ತು ಜನಾನ. ಒತಿಲಿಯಾ ಹೇಗ್ ಸುಮ್ನಿದಾಳೆ?”

ನಯೇಲಿಗೆ ನಾಲ್ಕು ವರ್ಷವಾಗಿದ್ದಾಗ ಮುಷ್ಕರ ಶುರುವಾಯಿತು. ಗಣಿಯ ಹೆಬ್ಬಾಗಿಲಿಗೆ ಕೆಂಪು ಕಪ್ಪು ಬಾವುಟ ಅಡ್ಡ ಕಟ್ಟಿದ ದಿನ ಎಲ್ಲರೂ ಇದು ಹಬ್ಬದೊಳಗೆ ಮುಗಿಯುವ ಮಾತು ಎಂದುಕೊಂಡರು. ಹಬ್ಬಗಳು ಬಂದು ಹೋದವು. ಬಿಸಿಲಿಗೆ ಬಾವುಟದ ಕೆಂಪು ಇಟ್ಟಿಗೆ ಬಣ್ಣಕ್ಕೆ ಇಳಿಯಿತು, ಹೊಸ ಬಾವುಟ ಬಂತು, ಅದೂ ಇಳಿಯಿತು. ಸಂಬಳ ನಿಂತಿತು, ಅದರ ಬೆನ್ನಿಗೇ ಕಾರ್ಮಿಕರಿಗಿದ್ದ ಆಸ್ಪತ್ರೆಯ ಸೌಕರ್ಯವೂ ನಿಂತಿತು. ಒತಿಲಿಯಾ ಮುಸುಕಿನ ಜೋಳದ ದಪ್ಪ ರೊಟ್ಟಿಗೆ ಬೀನ್ಸ್ ತುಂಬಿ ಬಸ್ ನಿಲ್ದಾಣದಲ್ಲಿ ಮಾರಲು ಕೂತಳು. ಪೋನ್ಸಿಯಾನೊ ಸರದಿಯ ಪ್ರಕಾರ ಹೆಬ್ಬಾಗಿಲಲ್ಲಿ ಬೆಂಕಿ ಕಾಯುತ್ತ ಕಾವಲು ಕೂರುತ್ತಿದ್ದ. ಬೇರೆ ಇಸವಿಗಳ ನಾಣ್ಯಗಳನ್ನು ಒಂದೊಂದಾಗಿ ತೂಕದ ಬೆಲೆಗೆ ಮಾರಿದ. ಬೆಳ್ಳಿಯ ಬೆಲೆ ಗಗನಕ್ಕೇರಿದ ವರ್ಷ ಊರಿನವರು ಅಜ್ಜಿಯರ ಚಮಚ, ಓಲೆಗಳನ್ನೂ ಮಾರಿದರು. ಅವನು ಕೊಳವೆ ಮುಟ್ಟಲಿಲ್ಲ. ಏರುತ್ತಿರುವುದನ್ನು ಯಾರಾದರೂ ಮಾರುತ್ತಾರೆಯೇ ಎಂದ. ಬೆಲೆ ಇಳಿಯಿತು. ಇಳಿದಾಗ ಯಾರಾದರೂ ಮಾರುತ್ತಾರೆಯೇ ಎಂದ.

ಆ ಇಪ್ಪತ್ತು ನಾಣ್ಯಗಳಿಗೆ ಈಗ ಏನು ಬರುತ್ತದೆ ಎಂದು ದೋನ್ ಅಬುಂದಿಯೊರನ್ನು ಅವನು ಒಮ್ಮೆಯೂ ಕೇಳಲಿಲ್ಲ. ಅಂಗಡಿಯ ಮುಂದೆ ಹಾದು ಹೋದರೂ ಒಳಗೆ ಹೋಗುತ್ತಿರಲಿಲ್ಲ. ಬೆಲೆ ತಿಳಿದರೆ ಮಾರಬೇಕಾದೀತು ಎಂಬ ಅಳುಕೋ, ಅಂದುಕೊಂಡದ್ದಕ್ಕಿಂತ ಕಡಿಮೆ ಇದ್ದರೆ ಎಂಬ ಹೆದರಿಕೆಯೋ, ಅವನಿಗೇ ಗೊತ್ತಿರಲಿಲ್ಲ.

ಮುಷ್ಕರದ ಐದನೆಯ ವರ್ಷ ಫಿದೆನ್ಸಿಯೊನ ಎದೆ ಸೋತಿತು. ಗುಡ್ಡ ಹತ್ತಿ ಹೆಬ್ಬಾಗಿಲಿಗೆ ಬರುವುದು ನಿಂತಿತು, ಆಮೇಲೆ ಬೀದಿಯ ತುದಿಗೆ ಹೋಗುವುದು ನಿಂತಿತು. ಬಾಗಿಲ ಬಳಿ ಬಿಸಿಲಿಗೆ ಕುರ್ಚಿ ಹಾಕಿಸಿಕೊಂಡು, ಮೂಗಿಗೆ ಕೊಳವೆ ಸಿಕ್ಕಿಸಿಕೊಂಡು, ಪಕ್ಕದಲ್ಲಿ ಆಕ್ಸಿಜನ್ ಸಿಲಿಂಡರ್ ಇಟ್ಟುಕೊಂಡು ಕೂತಿರುತ್ತಿದ್ದ. ಅವನ ಹೆಂಡತಿ ಅಂಪಾರೊ ಮೂರು ಮನೆಗಳ ಬಟ್ಟೆ ಒಗೆಯುತ್ತಿದ್ದಳು. ಪೋನ್ಸಿಯಾನೊ ವಾರಕ್ಕೆರಡು ಸಲ ಬಂದು ಕೂತು ಮುಷ್ಕರದ ಸುದ್ದಿ ಹೇಳುತ್ತಿದ್ದ. ಫಿದೆನ್ಸಿಯೊ ಏನನ್ನೂ ಕೇಳಲಿಲ್ಲ. ಒಂದು ಮಧ್ಯಾಹ್ನ ಮಾತ್ರ, ಮಾತಿನ ನಡುವೆ ಉಸಿರೆಳೆದುಕೊಳ್ಳುತ್ತ ಹೇಳಿದ:

“ಡಬ್ಬಿ ಹೆಂಗಸರು ಚೆನ್ನಾಗಿದಾರಾ?”

“ಇದಾರೆ.”

“ಅವರಿಗೇನು. ಉಸಿರಾಡೋ ಗೋಜಿಲ್ಲ.”

ಇಬ್ಬರೂ ನಕ್ಕರು. ಫಿದೆನ್ಸಿಯೊನ ನಗು ಕೆಮ್ಮಾಗಿ, ಕೆಮ್ಮು ನಿಲ್ಲದೆ ಅಂಪಾರೊ ಒಳಗಿನಿಂದ ಓಡಿ ಬಂದಳು. ಮನೆಗೆ ಮರಳುವಾಗ ಪೋನ್ಸಿಯಾನೊ ಆ ಮಾತನ್ನು ಬರೀ ತಮಾಷೆ ಎಂದೇ ತನಗೆ ತಾನು ಹೇಳಿಕೊಂಡ.

ಚಳಿ ಶುರುವಾದಾಗ ಅಂಪಾರೊ ಬಸ್ ನಿಲ್ದಾಣಕ್ಕೆ ಬಂದು ಒತಿಲಿಯಾಳ ಪಕ್ಕದಲ್ಲಿ ಬಹಳ ಹೊತ್ತು ಕೂತು ಹೋದಳು. ಅಂದು ಊಟಕ್ಕೆ ಕೂತಾಗ ಒತಿಲಿಯಾ ಗಂಡನ ಮುಖ ನೋಡದೆ ಹೇಳಿದಳು:

“ಸಿಲಿಂಡರ್ನ ಅರ್ಧಕ್ಕೆ ತಿರುಗಿಸಿ ಇಟ್ಟಿದಾಳಂತೆ. ವಾರ ಪೂರ್ತಿ ಬರಲಿ ಅಂತ.”

“ಉಳಿದಿದ್ದ ಎರಡು ಬಿಡಿ ನಾಣ್ಯ ಮಾರಿ ಕೊಟ್ಟೆನಲ್ಲ.”

“ಆ ಇಪ್ಪತ್ತು?”

“ಅದು ಹಂಗೆ ಒಡೆಯೋ ಅಂಥದ್ದಲ್ಲ ಒತಿಲಿಯಾ. ಇನ್ನೊಂದು ನಾಲ್ಕು ವರ್ಷ ಬಿಟ್ರೆ ಅದ್ರಲ್ಲಿ ನಮಗೂ ಆಗುತ್ತೆ, ಅವನಿಗೂ ಆಗುತ್ತೆ.”

“ನಾಲ್ಕು ವರ್ಷ ಅವನು ಉಸಿರು ಬಿಗಿ ಹಿಡ್ಕೊಂಡು ಕೂತಿರ್ಬೇಕಾ?”

ಅವಳು ತಟ್ಟೆ ಎತ್ತಿಕೊಂಡು ಎದ್ದು ಹೋದಳು. ಪೋನ್ಸಿಯಾನೊ ಕೆಟ್ಟವನೇನಲ್ಲ. ಮಾರಿದರೆ ಬರುವುದು ಬರೀ ಬೆಳ್ಳಿಯ ಬೆಲೆಯೇ ಇರಬಹುದು, ಒಂದೆರಡು ತಿಂಗಳ ಸಿಲಿಂಡರಿಗೆ ಎಲ್ಲ ಕರಗಿ ಹೋದರೆ ಕೊಂಪಾದ್ರೆಯೂ ಉಳಿಯುವುದಿಲ್ಲ, ನಾಣ್ಯವೂ ಉಳಿಯುವುದಿಲ್ಲ ಎಂದು ಲೆಕ್ಕ ಹಾಕಿದ್ದ. ಬರುವ ತಿಂಗಳು ನಗರಕ್ಕೆ ಹೋಗಿ ಕೇಳಿದರಾಯಿತು ಎಂದೂ ಅಂದುಕೊಂಡಿದ್ದ. ಎರಡು ಸಲ ಹಾಗೆ ಅಂದುಕೊಂಡ.

ಜನವರಿಯಲ್ಲಿ ಉತ್ತರದ ಗಾಳಿ ಬೀಸಿ ನಲ್ಲಿಯ ನೀರು ಹೆಪ್ಪುಗಟ್ಟಿತು. ಆ ವಾರ ಸಿಲಿಂಡರಿನ ಗಾಡಿ ಅಂಪಾರೊಳ ಬಾಗಿಲಲ್ಲಿ ನಿಲ್ಲದೆ ಮುಂದೆ ಹೋಯಿತು. ಒಂದು ಬೆಳಗ್ಗೆ ಪೋನ್ಸಿಯಾನೊ ಹೆಬ್ಬಾಗಿಲ ಕಾವಲಿನಲ್ಲಿದ್ದಾಗ ಕೆಳಗಿನ ಕೇರಿಯಿಂದ ನಯೇಲಿ ಚಪ್ಪಲಿಯಿಲ್ಲದೆ ಗುಡ್ಡ ಹತ್ತಿ ಬರುವುದು ಕಾಣಿಸಿತು. ಏನಾಯಿತು ಎಂದು ಅವಳು ಹೇಳುವ ಅಗತ್ಯವೇ ಬೀಳಲಿಲ್ಲ.

ಹೆಣ ಹೊರುವಾಗ ಅವನು ಮುಂದಿನ ಬಲಗಡೆ ಹೆಗಲು ಕೊಟ್ಟ. ಅಷ್ಟು ದೊಡ್ಡ ಆಳು, ಪೆಟ್ಟಿಗೆ ಹಗುರವಾಗಿತ್ತು. ಒಂಬತ್ತು ದಿನದ ಜಪಮಾಲೆ ಪ್ರಾರ್ಥನೆಗೆ ದಿನಾ ಹೋದ. ಬಂದವರಿಗೆಲ್ಲ ಅಂಪಾರೊ ದಾಲ್ಚಿನ್ನಿ ಹಾಕಿದ ಕಾಫಿ, ಸಿಹಿ ಬನ್ನು ಕೊಡುತ್ತಿದ್ದಳು. ಕೊಂಪಾದ್ರೆ ಎಂದು ಅವನಿಗೇ ಮೊದಲು ಕೊಟ್ಟಳು.

ಪ್ರಾರ್ಥನೆ ಮುಗಿದ ಮಾರನೆಯ ದಿನವೇ ಪಟದ ಹಿಂದಿನ ಕೊಳವೆ ತೆಗೆದು ಜೇಬಿಗಿಟ್ಟುಕೊಂಡು ಬಸ್ಸು ಹತ್ತಿದ. ಬೆಲೆ ಏನೂ ಬಾರದಿರಲಿ, ದೋನ್ ಅಬುಂದಿಯೊ ತಾನು ಅಂದು ಹೇಳಿದ್ದು ಸುಳ್ಳು ಎಂದುಬಿಡಲಿ, ಬರೀ ಬೆಳ್ಳಿ ಎಂದು ತಕ್ಕಡಿಗೆ ಹಾಕಲಿ ಎಂದು ದಾರಿಯುದ್ದಕ್ಕೂ ಬೇಡಿಕೊಂಡ. ಹಾಗಾದರೆ ಅವನು ಮೋಸಹೋದವನಷ್ಟೇ ಆಗುತ್ತಿದ್ದ.

ದೋನ್ ಅಬುಂದಿಯೊ ದೀಪದ ಕೆಳಗೆ ಮೊಹರು ಒಡೆದರು. ನಾಣ್ಯಗಳನ್ನು ಅಂಚಿನಲ್ಲಿ ಹಿಡಿದು ಒಂದೊಂದನ್ನೂ ಮಕಮಲ್ಲಿನ ಮೇಲೆ ಇಟ್ಟರು. ಹೊಡೆದ ದಿನ ಹೇಗಿದ್ದವೋ ಹಾಗೇ ಇದ್ದವು. ಅವರು ಹೇಳಿದ ಬೆಲೆ ಬೆಳ್ಳಿಯ ತೂಕದ ಹತ್ತರಷ್ಟಿತ್ತು.

“ಯಾವಾಗಿಂದ ಈ ಬೆಲೆ?” ಎಂದು ಪೋನ್ಸಿಯಾನೊ ಕೇಳಿದ.

“ಎರಡು ಮೂರು ವರ್ಷದಿಂದ ಹೀಗೇ ಇದೆ ಕಣಪ್ಪ. ಇಟ್ಕೊಂಡಿರೋರು ಬಿಡ್ತಿಲ್ಲ, ಬೇಕು ಅನ್ನೋರು ಬಿಡ್ತಿಲ್ಲ.”

“ಹೋದ ಚಳಿಗಾಲದಲ್ಲಿ ಬಂದಿದ್ರೂ?”

“ಇಷ್ಟೇ ಕೊಡ್ತಿದ್ದೆ. ಕೈಯಲ್ಲಿ ಇಟ್ಕೊಂಡು ಇತ್ತ ಕಡೆ ತಲೆಯನ್ನೇ ಹಾಕಲಿಲ್ಲವಲ್ಲ ನೀನು.” ಮುದುಕರು ಖುಷಿಯಲ್ಲಿದ್ದರು. “ನಾನು ಹೇಳಿರ್ಲಿಲ್ವಾ ಕಾಯಿ ಅಂತ? ಇಷ್ಟು ಚೆನ್ನಾಗಿ ಕಾದೋನನ್ನ ನಾನು ನೋಡೇ ಇಲ್ಲ.”

ಎರಡು ಚಳಿಗಾಲಕ್ಕೆ ಪೂರ್ತಿ ತಿರುಗಿಸಿದ ಸಿಲಿಂಡರ್, ದುರಾಂಗೋ ನಗರದ ಎದೆ ವೈದ್ಯರು, ಇನ್ನೂ ಮಿಗುವಷ್ಟಿತ್ತು ಆ ಹಣ. ಪೋನ್ಸಿಯಾನೊ ಅಂಗಡಿಯ ಹೊರಗಿನ ಕಲ್ಲಿನ ಮೆಟ್ಟಿಲ ಮೇಲೆ ಕೂತ. ಎರಡು ಬಸ್ಸು ಹೋದವು. ಮೂರನೆಯದನ್ನು ಹತ್ತಿದ.

ಊರಿಗೆ ಬಂದವನು ತನ್ನ ಮನೆಗೆ ಹೋಗದೆ ನೇರ ಅಂಪಾರೊಳ ಮನೆಗೆ ಹೋದ. ಅವಳು ತೊಟ್ಟಿಯಲ್ಲಿ ಯಾರದೋ ಹೊದಿಕೆ ಒಗೆಯುತ್ತಿದ್ದಳು. ಅವನು ಹಣದ ಪೊಟ್ಟಣವನ್ನು ಒಗೆಯುವ ಕಲ್ಲಿನ ಮೇಲಿಟ್ಟ. ಅವಳು ಕೈ ಒರೆಸಿಕೊಂಡು ಬಿಚ್ಚಿ ನೋಡಿದಳು.

“ಇದೆಲ್ಲಿತ್ತು ಕೊಂಪಾದ್ರೆ?”

ಸುಳ್ಳು ಹೇಳಬಹುದಿತ್ತು. ಕಾರ್ಮಿಕ ಸಂಘದವರು ಕೊಟ್ಟರು ಎನ್ನಬಹುದಿತ್ತು. ಅವನು ಇದ್ದದ್ದನ್ನು ಇದ್ದಂತೆ ಹೇಳಿದ: ಕೊಳವೆ, ಇಸವಿ, ಬೆಲೆ, ಹೋದ ವರ್ಷವೂ ಇದೇ ಬೆಲೆ ಇದ್ದದ್ದು. ಅವಳು ತೊಟ್ಟಿಯ ನೀರನ್ನೇ ನೋಡುತ್ತ ನಿಂತಳು.

“ಅವರಿಗೆ ಗೊತ್ತಿತ್ತಾ, ನಿಮ್ಮ ಹತ್ರ ಇದೆ ಅಂತ?”

“ಗೊತ್ತಿತ್ತು.”

“ನನಗೆ ಒಂದ್ ಮಾತೂ ಹೇಳ್ಲಿಲ್ಲ ನೋಡಿ. ನೀವೇ ಕೊಡ್ತೀರಿ ಅಂತ ಇದ್ರೇನೋ.”

ಪೊಟ್ಟಣವನ್ನು ಅವಳು ಹಿಂದಿರುಗಿಸಲಿಲ್ಲ. ಹೆಣ್ಣು ಮಗುವಿನ ತಾಯಿ, ಹಿಂದಿರುಗಿಸುವ ಸಿರಿತನ ಅವಳಿಗಿರಲಿಲ್ಲ. ಅದನ್ನು ಏಪ್ರನ್ನಿನ ಜೇಬಿಗೆ ಸೇರಿಸಿಕೊಂಡು, ಇನ್ನು ಈ ಬಾಗಿಲಿಗೆ ಬರಬೇಡಿ ಎಂದು ಮೆಲ್ಲಗೆ ಹೇಳಿ ಮತ್ತೆ ಒಗೆಯಲು ಬಾಗಿದಳು. ಈಸ್ಟರಿಗೆ ಮೊದಲೇ ಮಗಳನ್ನು ಕರೆದುಕೊಂಡು ತೊರೆಯೋನ್‌ನಲ್ಲಿದ್ದ ಅಕ್ಕನ ಮನೆಗೆ ಹೊರಟುಹೋದಳು. ಅಲ್ಲಿ ಒಂದು ಪುಟ್ಟ ಹೊಲಿಗೆಯ ಅಂಗಡಿ ತೆರೆದಳು ಎಂದು ಒತಿಲಿಯಾಗೆ ಯಾರೋ ಹೇಳಿದರು.

ಮುಷ್ಕರ ಇನ್ನೂ ಕೆಲವು ವರ್ಷ ಎಳೆದು, ಯಾರೂ ಗೆಲ್ಲದಂತೆ ಮುಗಿಯಿತು. ಗಣಿಗೆ ಹೊಸ ಯಂತ್ರ ಬಂತು, ಅದನ್ನು ನಡೆಸಲು ಹೊಸ ಹುಡುಗರು ಬಂದರು. ಪೋನ್ಸಿಯಾನೊಗೆ ಗಣಿಯ ಲಾರಿ ನಿಲ್ಲುವ ಅಂಗಳದ ಕಾವಲು ಕೆಲಸ ಸಿಕ್ಕಿತು. ಅವನ ಎದೆಯಲ್ಲಿ ಧೂಳು ಕೂರಲೇ ಇಲ್ಲ; ವೈದ್ಯರು ಪ್ರತಿ ವರ್ಷ ತಪಾಸಣೆ ಮಾಡಿ ನಿನ್ನದು ಹುಡುಗನ ಉಸಿರು ಎನ್ನುತ್ತಿದ್ದರು. ಹಾಗೆ ಹೇಳಿದ ದಿನ ಅವನು ಗುಡ್ಡ ಸುತ್ತಿಕೊಂಡು ಕತ್ತಲಾದ ಮೇಲೆ ಮನೆಗೆ ಬರುತ್ತಿದ್ದ. ಒತಿಲಿಯಾ ಅಡಿಗೆ ಮಾಡಿ ಬಡಿಸುತ್ತಿದ್ದಳು. ಅಂದು ತಟ್ಟೆ ಎತ್ತಿಕೊಂಡು ಎದ್ದ ಮೇಲೆ ಅವಳು ಅವನ ಎದುರು ಊಟಕ್ಕೆ ಕೂತದ್ದೇ ಇಲ್ಲ.

ಅವನು ಇಪ್ಪತ್ತು ನಾಣ್ಯಗಳಿಗೆ ಹತ್ತರಷ್ಟು ಪಡೆದ ಕತೆ ಊರಲ್ಲಿ ಹಬ್ಬಿತ್ತು. ಹೊಸ ಹುಡುಗರು ಬೋನಸ್ ಬಂದಾಗ ಅಂಗಳಕ್ಕೆ ಬಂದು ಕೇಳುತ್ತಿದ್ದರು: ಈ ವರ್ಷ ಕಡಿಮೆ ಹೊಡೆದಿದ್ದಾರಂತೆ ತಾತ, ಕೊಂಡಿಡಬಹುದಾ, ಬೆಲೆ ಬರುತ್ತಾ?

“ಬರುತ್ತೆ,” ಎನ್ನುತ್ತಿದ್ದ ಪೋನ್ಸಿಯಾನೊ, ಲಾರಿಗೆ ಗೇಟು ತೆರೆಯುತ್ತ.

ನಯೇಲಿಗೆ ಹದಿನೈದು ತುಂಬಿತು; ಆ ವಯಸ್ಸಿಗೆ ಹೆಣ್ಣುಮಕ್ಕಳಿಗೆ ಮಾಡುವ ದೊಡ್ಡ ಹಬ್ಬ ತೊರೆಯೋನ್‌ನಲ್ಲಿ ನಡೆಯಿತು. ಒತಿಲಿಯಾಗೆ ಕರೆ ಬಂತು. ಅವಳೊಬ್ಬಳೇ ಹೋಗಿ ಬಂದಳು. ಹುಡುಗಿ ಎತ್ತರ ಬೆಳೆದಿದ್ದಾಳೆ, ಅಪ್ಪನದೇ ಹಣೆ ಎಂದಳು. ಜ್ಞಾನಸ್ನಾನದಲ್ಲಿ ಎತ್ತಿ ಹಿಡಿದವನು ನಿಲ್ಲಬೇಕಾದ ಜಾಗದಲ್ಲಿ ಯಾರು ನಿಂತಿದ್ದರು ಎಂದು ಅವನು ಕೇಳಿದ. ಯಾರನ್ನೂ ನಿಲ್ಲಿಸಿರಲಿಲ್ಲ, ಜಾಗ ಖಾಲಿ ಬಿಟ್ಟಿದ್ದರು ಎಂದು ಹೇಳಿ ಒತಿಲಿಯಾ ಪ್ರಯಾಣದ ಬಟ್ಟೆ ಬದಲಾಯಿಸಲು ಒಳಗೆ ಹೋದಳು.